ಪುಣ್ಯಕ್ಕೊಂದು ಒಟಿಪಿ

ಪೇಪರಿನಲ್ಲಿ ನೀವೂ ಓದಿರುತ್ತೀರಿ. ಸೇವಾ ಸಂಸ್ಥೆಗಳ ಮೇಲಿನ ಕಾಗದಪತ್ರದ ಹೊರೆ ಇಳಿದಿದೆಯಂತೆ. ಆದಾಯ ತೆರಿಗೆಯ ನೋಂದಣಿಯನ್ನು ಸಣ್ಣ ಸಂಸ್ಥೆಗಳು ಐದು ವರ್ಷಕ್ಕೊಮ್ಮೆ ನವೀಕರಿಸಬೇಕಿಲ್ಲ, ಹತ್ತು ವರ್ಷಕ್ಕೊಮ್ಮೆ ಸಾಕು. 2025ರ ಬಜೆಟ್ಟಿನಲ್ಲಿ ಹೇಳಿದ್ದು. ಸಣ್ಣದು ಅಂದರೆ ಎಷ್ಟು ಸಣ್ಣದು? ಹಿಂದಿನ ಎರಡು ವರ್ಷಗಳಲ್ಲಿ ಯಾವ ವರ್ಷವೂ ಆದಾಯ 5 ಕೋಟಿ ದಾಟಿರಬಾರದು.

ಇದನ್ನು ನಮ್ಮ ಸಂಘದ ಸಭೆಯಲ್ಲಿ ಗಟ್ಟಿಯಾಗಿ ಓದಿದೆ. ಕಳೆದ ವರ್ಷ ನಮ್ಮ ಆದಾಯ 41,350 ರೂಪಾಯಿ. ಖಜಾಂಚಿ ಹೊರಗೆ ಹೋಗಿ ಕವಳ ಉಗಿದು ಬಂದರು. "ಐದು ಕೋಟಿಗೆ ಎಷ್ಟು ಕಮ್ಮಿ ಬಿತ್ತು ಮಾರಾಯಾ?" ಅಂದರು. ಲೆಕ್ಕ ಹಾಕಿ ಹೇಳಿದೆ, 4,99,58,650. "ಅಡ್ಡಿಲ್ಲ, ಮುಂದಿನ ವರ್ಷ ನೋಡುವ" ಅಂದರು.

ನಮ್ಮ ಸಂಘದ ಹೆಸರು ಬೇಡ. ಕುಮಟೆಯಿಂದ ಅಂಕೋಲೆ ಕಡೆ ಹೊರಟರೆ ಹೆದ್ದಾರಿ ಬಿಟ್ಟು ಒಳಗೆ ಸಿಗುವ ಊರು. ಸದಸ್ಯರು ಹದಿಮೂರು. ಆಸ್ತಿ ಅಂದರೆ 60 ಪ್ಲಾಸ್ಟಿಕ್ ಕುರ್ಚಿ, ಅದರಲ್ಲಿ ನಂಬಿ ಕೂರಬಹುದಾದದ್ದು 52. ಅನ್ನ ಮಾಡುವ ಎರಡು ದೊಡ್ಡ ಪಾತ್ರೆ. ಮತ್ತೆ ಒಂದು ಫ್ರೀಜರ್ ಬಾಕ್ಸ್. ಐಸ್‌ಕ್ರೀಮಿನದಲ್ಲ. ಹೆಣ ಇಡುವುದು.

ನಗಬೇಡಿ, ನಮ್ಮ ಕಡೆ ಅದಕ್ಕಿಂತ ದೊಡ್ಡ ಸೇವೆ ಬೇರೆ ಇಲ್ಲ. ಮನೆಗೊಬ್ಬ ಮಗ ಊರು ಬಿಟ್ಟಿದ್ದಾನೆ. ಮುಂಬೈ, ಬೆಂಗಳೂರು, ದುಬೈ, ಮಸ್ಕತ್. ಅವನು ಬಂದು ಮುಖ ನೋಡುವ ತನಕ ಅಪ್ಪ ಕಾಯಬೇಕು. ಕಾಯೋದಕ್ಕೆ ಒಂದು ತಣ್ಣನೆಯ ಜಾಗ ಬೇಕು. ಬಾಡಿಗೆ ಇಲ್ಲ. ಕರೆಂಟು ಮನೆಯವರದ್ದು, ಪೆಟ್ಟಿಗೆ ನಮ್ಮದು, ಹೊರುವುದಕ್ಕೆ ಊರ ಹುಡುಗರು. ಒಮ್ಮೆ ಒಂದು ಫಾರ್ಮಿನಲ್ಲಿ ಕೇಳಿದ್ದರು, ಈ ಸಾಲಿನ ಫಲಾನುಭವಿಗಳೆಷ್ಟು, ಅವರ ಅಭಿಪ್ರಾಯ ಸಂಗ್ರಹಿಸಿದ್ದೀರಾ ಅಂತ. ಹನ್ನೊಂದು ಅಂತ ಬರೆದೆ. ಅಭಿಪ್ರಾಯದ ಕಾಲಮಿನಲ್ಲಿ "ಯಾರಿಂದಲೂ ದೂರು ಬಂದಿಲ್ಲ" ಅಂತ ಬರೆದೆ. ಸ್ವೀಕೃತವಾಯಿತು.

ಈ ಪೆಟ್ಟಿಗೆಯ ಕಂಪ್ರೆಸರ್ ಕೈಕೊಟ್ಟಿತು. ಹೊಸ ಪೆಟ್ಟಿಗೆಯನ್ನೇ ಕೊಡಿಸುತ್ತೇವೆ ಅಂತ ಒಂದು ಕಂಪನಿಯವರು ಮುಂದೆ ಬಂದರು. ಒಳ್ಳೆಯ ಜನ. ಚಾ ಕುಡಿದು, ಫೋಟೋ ತೆಗೆದು, ಒಂದು ಪಟ್ಟಿ ಕೊಟ್ಟು ಹೋದರು. 12ಎ, 80ಜಿ, ಸಿಎಸ್ಆರ್-1, ದರ್ಪಣ್ ನಂಬರು, ಮೂರು ವರ್ಷದ ಆಡಿಟ್. 12ಎ ಅಂದರೆ ನಾನು ಸಭೆಯಲ್ಲಿ ಓದಿದ ಅದೇ ತೆರಿಗೆ ನೋಂದಣಿ. 80ಜಿ ಅಂದರೆ ದೇಣಿಗೆ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಸಿಗುವ ಕಾಗದ. ಸಿಎಸ್ಆರ್-1 ಅಂದರೆ ಕಂಪನಿಗಳ ಸೇವಾನಿಧಿ ಪಡೆಯುವ ನೋಂದಣಿ. ದರ್ಪಣ್ ಅಂದರೆ ಸೇವಾ ಸಂಸ್ಥೆಗಳು ಹೆಸರು ಹಚ್ಚುವ ನೀತಿ ಆಯೋಗದ ಜಾಲತಾಣ. ಕನ್ನಡಿ ಅಂತ ಹೆಸರಿಟ್ಟವರಿಗೆ ನಮಸ್ಕಾರ. ನಾನು ನಾಲ್ಕು ರಾತ್ರಿ ಅದರ ಎದುರು ಕೂತು ನನ್ನದೇ ಮುಖ ನೋಡಿಕೊಂಡೆ. ಪ್ರತಿಸಲವೂ ಸಮಯ ಮೀರಿದೆ, ಮತ್ತೆ ಲಾಗಿನ್ ಆಗಿ ಅಂತಲೇ ಬಂತು.

12ಎ ನಮ್ಮಲ್ಲಿ ಇತ್ತು. ನಮ್ಮ ಹಳೆಯ ಕಾರ್ಯದರ್ಶಿ, ರಿಟೈರಾದ ಮಾಸ್ತರು, ಯಾವುದೋ ಕಾಲದಲ್ಲಿ ಓಡಾಡಿ ಮಾಡಿಸಿಟ್ಟಿದ್ದರು. ಆಗ ಒಮ್ಮೆ ಸಿಕ್ಕರೆ ಮುಗಿಯಿತು. 2021ರಲ್ಲಿ ಎಲ್ಲರೂ ಹೊಸದಾಗಿ ಮಾಡಿಸಿ ಅಂತಾಯಿತು. ಗಡುವು ಜೂನ್ 30. ಕೊರೊನಾ ಕಾಲ, ಮಾಸ್ಕು ಹಾಕಿಕೊಂಡು ಸೈಬರಿಗೆ ಓಡಿದೆ. ನಾನು ಓಡಿ ಮುಗಿಸಿದ ಮೇಲೆ ಗಡುವು ಆಗಸ್ಟಿಗೆ ಹೋಯಿತು. ಆಮೇಲೆ 2022ರ ಮಾರ್ಚಿಗೆ. ಆಮೇಲೆ ಅದೇ ವರ್ಷದ ನವೆಂಬರಿಗೆ. ಆಮೇಲೆ 2023ರ ಸೆಪ್ಟೆಂಬರಿಗೆ. ಕೊನೆಗೆ 2024ರ ಜೂನಿಗೆ. ನಮ್ಮ ಹೆದ್ದಾರಿ 66ರ ಚತುಷ್ಪಥದ ಗುತ್ತಿಗೆದಾರರು ಇದರಿಂದ ಪಾಠ ಕಲಿತರೋ, ಇವರೇ ಅವರಿಂದ ಕಲಿತರೋ ಗೊತ್ತಿಲ್ಲ. ಒಂದು ಮಾತ್ರ ಗೊತ್ತಾಯಿತು. ಗಡುವಿಗೆ ಹೆದರಿ ಓಡುವವನು ಮೂರ್ಖ. ಓಡದೇ ಮನೆಯಲ್ಲಿ ಮಲಗಿದವನಿಗೆ ಮೂರು ವರ್ಷ ಸಿಕ್ಕಿತು. ಐದು ವರ್ಷದ ಎಣಿಕೆ ಮಾತ್ರ ಅಲ್ಲೇ ಶುರುವಾಗಿ ಈಗ ಮುಗಿಯಿತು. ಮತ್ತೆ ಓಡು.

ಹತ್ತು ವರ್ಷ ಕೊಟ್ಟಿದ್ದು ಒಳ್ಳೆಯದೇ ಬಿಡಿ, ಇಲ್ಲ ಅನ್ನುವುದಿಲ್ಲ. ಖಜಾಂಚಿಗೆ ಈಗ 71. ಮುಂದಿನ ನವೀಕರಣದ ಹೊತ್ತಿಗೆ ಅವರು ಪೆಟ್ಟಿಗೆಯ ಹೊರಗಿರುತ್ತಾರೋ ಒಳಗೋ ಅನ್ನುವುದು ಅವರದೇ ತಮಾಷೆ. ಆದರೆ ವರ್ಷ ವರ್ಷದ್ದು ಎಲ್ಲಿ ಇಳಿಯಿತು? ಲೆಕ್ಕದ ಪುಸ್ತಕ ವರ್ಷಗಟ್ಟಲೆ ಕಾದಿಡಬೇಕು. ಕರಾವಳಿಯ ಮಳೆಗಾಲಕ್ಕೆ ನಮ್ಮ ಹಪ್ಪಳವೇ ಹತ್ತು ದಿನ ನಿಲ್ಲುವುದಿಲ್ಲ. 80ಜಿ ಇದ್ದವರು ದೇಣಿಗೆ ಕೊಟ್ಟವರ ವಿವರ ಪ್ರತಿವರ್ಷ ಮೇ 31ರೊಳಗೆ ಸಲ್ಲಿಸಬೇಕು. ತಡವಾದರೆ ದಿನಕ್ಕೆ 200 ರೂಪಾಯಿ. ನಮ್ಮ ಸಂಘದ ಆದಾಯ ದಿನಕ್ಕೆ 113 ರೂಪಾಯಿ ಬೀಳುತ್ತದೆ. ಅಂದರೆ ನಾವು ತಡ ಮಾಡಿದ ಪ್ರತಿ ದಿನ ಸರ್ಕಾರ ನಮಗಿಂತ ಜಾಸ್ತಿ ದುಡಿಯುತ್ತದೆ. ಆದರೂ ದೊಡ್ಡ ಮನಸ್ಸು. ದಂಡ ದೇಣಿಗೆಯ ಮೊತ್ತವನ್ನು ಮೀರಬಾರದು ಅಂತ ಕಾಯ್ದೆಯಲ್ಲೇ ಇದೆ. ಕೊಟ್ಟದ್ದಷ್ಟೂ ಹೋಗಬಹುದು, ಕೊಡದೇ ಇದ್ದದ್ದು ಹೋಗುವುದಿಲ್ಲ.

ವಿವರ ಅಂದರೆ ಹೆಸರು, ವಿಳಾಸ, ಪ್ಯಾನು ಅಥವಾ ಆಧಾರು. ನಮ್ಮೂರಿಗೆ ಬುಟ್ಟಿ ಹೊತ್ತು ಬರುವ ಮೀನಿನಮ್ಮ ಒಬ್ಬರಿದ್ದಾರೆ. ಅವರ ಗಂಡ ನಮ್ಮ ಪೆಟ್ಟಿಗೆಯಲ್ಲಿ ಒಂದು ರಾತ್ರಿ ಇದ್ದರು. ಅಂದಿನಿಂದ ತಿಂಗಳಿಗೊಮ್ಮೆ ಸಂಘದ ಡಬ್ಬಕ್ಕೆ ಇಪ್ಪತ್ತು ರೂಪಾಯಿ ಹಾಕುತ್ತಾರೆ, ಒದ್ದೆ ನೋಟು. ರಸೀದಿ ಪುಸ್ತಕ ತೆಗೆದು ಆಧಾರ್ ನಂಬರು ಕೇಳಿದೆ. ಬುಟ್ಟಿ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಾ ಎಂತ ಸಾಲ ಕೊಟ್ಟಿದ್ನಾ, ಬರ್ದಿಟ್ಕೊಳ್ಳೂಕೆ?" ಅಂದರು. ನಾನು ಪುಸ್ತಕ ಮುಚ್ಚಿದೆ. ಹೆಸರಿಲ್ಲದ ದೇಣಿಗೆ ಮಿತಿ ಮೀರಿದರೆ 30 ಪರ್ಸೆಂಟ್ ತೆರಿಗೆ ಅಂತಿದೆ. ಮಿತಿ ವರ್ಷಕ್ಕೆ ಒಂದು ಲಕ್ಷ, ಇಲ್ಲವೇ ಒಟ್ಟು ದೇಣಿಗೆಯ 5 ಪರ್ಸೆಂಟ್, ಯಾವುದು ಜಾಸ್ತಿಯೋ ಅದು. ತಿಂಗಳಿಗೆ ಇಪ್ಪತ್ತರಂತೆ ಮೀನಿನಮ್ಮನದ್ದು ಕೂಡಿ ಒಂದು ಲಕ್ಷ ಆಗಲಿಕ್ಕೇ ನಾನೂರು ವರ್ಷ ಚಿಲ್ಲರೆ ಬೇಕು. ಸದ್ಯಕ್ಕೆ ಭಯವಿಲ್ಲ.

ಅಮೆರಿಕದ ಭಾವನ ಕತೆ ಇನ್ನೂ ಚೆನ್ನಾಗಿದೆ. ಊರಿನ ಅಣ್ಣತಮ್ಮ ಇಬ್ಬರು. ಅಣ್ಣ ದುಬೈಯಲ್ಲಿ, ಕೈಯಲ್ಲಿ ನಮ್ಮ ದೇಶದ್ದೇ ಪಾಸ್‌ಪೋರ್ಟು. ತಮ್ಮ ಅಮೆರಿಕದಲ್ಲಿ, ಅಲ್ಲಿಯ ಪೌರತ್ವ ತಗೊಂಡಾಗಿದೆ. ಅವನೇ ನನಗೆ ದೂರದಿಂದ ಭಾವ. ಅಪ್ಪ ತೀರಿಕೊಂಡಾಗ ಇಬ್ಬರೂ ನಮ್ಮ ಪೆಟ್ಟಿಗೆ ನೋಡಿದರು, ಇಬ್ಬರಿಗೂ ಐದೈದು ಸಾವಿರ ಕೊಡುವ ಮನಸ್ಸಾಯಿತು. ಅಣ್ಣನ ಐದು ಸಾವಿರ ದೇಶಿ. ತಮ್ಮನದ್ದು ವಿದೇಶಿ ವಂತಿಗೆ. ಅದನ್ನು ಮುಟ್ಟಬೇಕಾದರೆ ಕೇಂದ್ರ ಗೃಹ ಇಲಾಖೆಯ ನೋಂದಣಿ, ಇಲ್ಲವೇ ಮುಂಚಿತ ಅನುಮತಿ ಬೇಕು. 2020ರ ತಿದ್ದುಪಡಿಯ ಮೇಲೆ ಖಾತೆ ದೆಹಲಿಯ ಸಂಸದ್ ಮಾರ್ಗದ ಒಂದೇ ಒಂದು ಬ್ಯಾಂಕ್ ಶಾಖೆಯಲ್ಲಿ ತೆರೆಯಬೇಕು. ನೋಂದಣಿ ಸಿಗಲು ಹಿಂದಿನ ಮೂರು ವರ್ಷದಲ್ಲಿ ಸೇವೆಗೆ 15 ಲಕ್ಷ ಖರ್ಚು ಮಾಡಿರಬೇಕು. ಭಾವ ಫೋನಿನಲ್ಲಿ ಕೇಳಿದ, "ಹಾಗಾದರೆ ನಾನು ಅಲ್ಲಿ ಬಂದು ಎಲ್ಲರಿಗೂ ಊಟ ಹಾಕಿಸಿದರೆ?" ಊಟ ಹಾಕಿಸು ಮಾರಾಯಾ, ಹೊಟ್ಟೆಗೆ ಇನ್ನೂ ನೋಂದಣಿ ಬಂದಿಲ್ಲ ಅಂದೆ.

ನೋಡಿ, ಎಲ್ಲಿಂದ ಎಲ್ಲಿಗೋ ಹೋದೆ. ಹೇಳಬೇಕಾದದ್ದು ಖಾತೆಯ ವಿಷಯ.

ನಮ್ಮ ಹಣ ಒಂದು ಬ್ಯಾಂಕಿನಲ್ಲಿದೆ. 38 ಸಾವಿರ ಚಿಲ್ಲರೆ. ಒಂದು ದಿನ ಖಾತೆ ನಿಂತಿತು. ಕೆವೈಸಿ ಆಗಿಲ್ಲ ಅಂದರು. ಕಮಿಟಿಯ ಎಲ್ಲರ ಕಾಗದ ತನ್ನಿ ಅಂದರು. ಹಳೆಯ ಪಟ್ಟಿಯಲ್ಲಿ ನಮ್ಮ ಮಾಸ್ತರ ಹೆಸರಿದೆ. ಅವರು ತೀರಿಕೊಂಡಿದ್ದಾರೆ ಅಂದೆ. ಹಾಗಾದರೆ ಹೊಸ ಪಟ್ಟಿ, ಸಂಘಗಳ ನೋಂದಣಿ ಕಚೇರಿಯ ಶಿಕ್ಕಾ ಸಮೇತ ಬೇಕು ಅಂದರು. ಕಾರವಾರಕ್ಕೆ ಹೋದೆ. ಅಲ್ಲಿ ಹಿಂದಿನ ಎರಡು ವರ್ಷದ ಲೆಕ್ಕಪತ್ರ ಬಂದಿಲ್ಲ, ಅದನ್ನು ಕೊಟ್ಟು ದಂಡ ಕಟ್ಟಿ ಅಂದರು. ದಂಡ ಕಟ್ಟಲು ಹಣ ಖಾತೆಯಲ್ಲಿದೆ. ಖಾತೆ ನಿಂತಿದೆ. ಕಿಟಕಿಯ ಆಚೆ ಇದ್ದವರು ಪಾಪ ಒಳ್ಳೆಯವರೇ. ಫೈಲು ಬಿಚ್ಚಿ ತೋರಿಸಿದರು. ಅಂದ ಹಾಗೆ ಕೆಂಪುಪಟ್ಟಿ ಕೆಂಪುಪಟ್ಟಿ ಅಂತ ಬರೆಯುತ್ತೇವಲ್ಲ, ನಾನು ನೋಡಿದ್ದು ಬಿಳಿ. ಪೈಜಾಮದ ಲಾಡಿಯ ಹಾಗೆ ಇತ್ತು, ಗಂಟೂ ಹಾಗೇ ಬಿದ್ದಿತ್ತು. ಮಾಸ್ತರು ಸತ್ತದ್ದಕ್ಕೆ ಪುರಾವೆ ಬೇಕಂತೆ. ನಮ್ಮ ಪೆಟ್ಟಿಗೆಯಲ್ಲೇ ಒಂದೂವರೆ ದಿನ ಇದ್ದರು, ನಾನೇ ಪ್ಲಗ್ ಹಾಕಿದ್ದೆ ಅಂದೆ. ಅದು ನಡೆಯುವುದಿಲ್ಲ ಅಂದರು.

ಆಗಲೇ ಕಂಪ್ರೆಸರ್ ಹೋದದ್ದು. ರಿಪೇರಿಯವನು 14 ಸಾವಿರ ಅಂದ. ಕೈಯಿಂದ ಹಾಕೋಣ, ಭಾನುವಾರ ಸೇರಿ ಎತ್ತೋಣ ಅಂತ ಮಾತಾಡಿಕೊಂಡೆವು. ಶುಕ್ರವಾರ ರಾತ್ರಿ ಪಕ್ಕದ ಕೇರಿಯಲ್ಲಿ ಒಬ್ಬರು ಹೋದರು. ಮಗ ಮಸ್ಕತ್ತಿನಿಂದ ಬರಬೇಕು. ಬೇರೆ ಪೆಟ್ಟಿಗೆ ಎಲ್ಲೂ ಖಾಲಿ ಇರಲಿಲ್ಲ. ಹುಡುಗರು ಬಂದರಿಗೆ ಹೋಗಿ ಐಸ್ ತಂದರು. ಮೀನಿಗೆ ಹಾಕುವ ಐಸು, ಮೀನು ತುಂಬುವ ಕ್ರೇಟಿನಲ್ಲೇ. ಅವರ ಹೆಂಡತಿ ಬೆಳಗಿನ ತನಕ ಹಳೆ ಸೀರೆಯಿಂದ ಕರಗಿದ ನೀರು ಒರೆಸುತ್ತಾ ಕೂತಿದ್ದರು. ಒರೆಸಿ ಬಕೆಟ್ಟಿಗೆ ಹಿಂಡುವುದು, ಮತ್ತೆ ಒರೆಸುವುದು. ಯಾರೂ ಏನೂ ಮಾತಾಡಲಿಲ್ಲ. ನಮ್ಮ ಹಣ ಎರಡು ಕಿಲೋಮೀಟರ್ ಆಚೆ ಬ್ಯಾಂಕಿನಲ್ಲಿ ಭದ್ರವಾಗಿ ಇತ್ತು.

ಇದನ್ನು ತಮಾಷೆ ಮಾಡೋಕೆ ನನಗೆ ಬರುವುದಿಲ್ಲ. ಬೋಗಸ್ ಸಂಘಗಳಿವೆ, ನಿಯಮ ಬೇಡವಾ ಅಂತ ಕೇಳುತ್ತೀರಿ. ಬೇಕು. ಇವೆ. ಆದರೆ ಬೋಗಸ್ ಮಾಡುವವನ ಕಾಗದ ಯಾವತ್ತೂ ಸರಿ ಇರುತ್ತದೆ ಸ್ವಾಮಿ, ಅವನ ಕಸುಬೇ ಕಾಗದ. ಅವನಿಗೆ ಸಿಎ ಇದ್ದಾನೆ, ವಕೀಲ ಇದ್ದಾನೆ, ಗುಡ್ಡೆಗಟ್ಟಲೆ ಶಿಕ್ಕಾ ಇದೆ. ಕಾಗದ ತಪ್ಪುವುದು ಹೆಣ ಹೊರುವವನದ್ದು. ಐದು ಕೋಟಿಯವನಿಗೂ 41 ಸಾವಿರದವನಿಗೂ ಒಂದೇ ಬೆಂಚು ಹಾಕಿ, ಇಬ್ಬರೂ ಸಣ್ಣವರು ಅಂತ ಬೆನ್ನು ತಟ್ಟಿದರೆ ಹೊರೆ ಇಳಿದಂತಾಯಿತಾ? ಸುಸ್ತಾಗಿದೆ. ನಮ್ಮಲ್ಲಿ ಇಬ್ಬರು ಹುಡುಗರು ಕಮಿಟಿ ಬಿಟ್ಟರು. ಪೆಟ್ಟಿಗೆ ಹೊರುತ್ತೇವೆ, ಸಹಿ ಮಾತ್ರ ಕೇಳಬೇಡಿ ಅಂದರು.

ಇಷ್ಟರಲ್ಲಿ ಕಾಯ್ದೆಯೂ ಬದಲು. 1961ರದ್ದು ಹೋಗಿ 2026ರ ಏಪ್ರಿಲ್ 1ರಿಂದ ಹೊಸದು. 819 ಸೆಕ್ಷನ್ ಇದ್ದದ್ದು 536ಕ್ಕೆ ಇಳಿಯಿತು. ಇದು ಸರಳೀಕರಣ. ಹನ್ನೆರಡು ಎ, ಎಂಬತ್ತು ಜಿ ಅಂತ ಖಜಾಂಚಿ ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದರು. ನೋಂದಣಿ ಈಗ ಸೆಕ್ಷನ್ 332. ನಮ್ಮ ಲೆಟರ್‌ಹೆಡ್ ಇನ್ನೂ ಎರಡು ಕಟ್ಟು ಉಳಿದಿದೆ, ಎಲ್ಲದರ ಮೇಲೂ ಹಳೇ ನಂಬರು. ಪೆನ್ನಿನಲ್ಲಿ ಹೊಡೆದು ತಿದ್ದುತ್ತಿದ್ದಾರೆ, ದಿನಕ್ಕೆ ಇಪ್ಪತ್ತು ಹಾಳೆ.

ಇವತ್ತು ಅರ್ಜಿ ಕಳಿಸುವ ದಿನ. ಎಲ್ಲ ತುಂಬಿಯಾಗಿದೆ. ಕೊನೆಗೆ ಅಧ್ಯಕ್ಷರ ಆಧಾರಿಗೆ ಒಟಿಪಿ ಬರಬೇಕು. ಅಧ್ಯಕ್ಷರು ನನ್ನ ಪಕ್ಕದಲ್ಲೇ ಕೂತಿದ್ದಾರೆ, ಬಿಳಿ ಅಂಗಿ ಹಾಕಿಕೊಂಡು ಬಂದಿದ್ದಾರೆ. ಆದರೆ ಅವರ ಆಧಾರಿಗೆ ಜೋಡಿಸಿದ ಮೊಬೈಲು ಮಗಳದ್ದು. ಮಗಳು ಪುಣೆಯಲ್ಲಿ ನರ್ಸು. ಡ್ಯೂಟಿಯಲ್ಲಿ ಫೋನು ಲಾಕರಿನಲ್ಲಿಡಬೇಕು. ಊಟಕ್ಕೆ ಬಿಡುವುದು ಒಂದೂವರೆಗೆ, ಅದೂ ವಾರ್ಡಿನಲ್ಲಿ ಗಲಾಟೆ ಇಲ್ಲದಿದ್ದರೆ.

ಈಗ ಒಂದು ಇಪ್ಪತ್ತು. ಸೈಬರಿನ ಹುಡುಗ ಸ್ಕ್ರೀನ್ ಆರದ ಹಾಗೆ ಆಗಾಗ ಮೌಸ್ ಅಲ್ಲಾಡಿಸುತ್ತಿದ್ದಾನೆ.