ನೆಂಟರ ಕಂಟ್ರೋಲರ್

ಮನೆಯಲ್ಲಿ ಮೂರು ಗೇಮ್ ಕಂಟ್ರೋಲರ್ ಇದ್ದರೆ ಅದರಲ್ಲಿ ಒಂದು ನೆಂಟರದ್ದು. ಯಾರೂ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಮನೆಯವರಿಗೆಲ್ಲ ಗೊತ್ತಿರುತ್ತದೆ. ಅದರಲ್ಲಿ ಹೆಬ್ಬೆರಳಿಂದ ತಿರುಗಿಸುವ ಪುಟ್ಟ ಸ್ಟಿಕ್ಕಿನ ಮೇಲಿನ ರಬ್ಬರು ಕಿತ್ತು ಬಂದಿರುತ್ತದೆ. ಯಾವತ್ತೋ ಚೆಲ್ಲಿದ ಮೂಸಂಬಿ ಜ್ಯೂಸಿನಿಂದ ಒಂದು ಬಟನ್ ಒತ್ತಿದರೆ ಒತ್ತಿದಂತೆಯೇ ಕೂತುಬಿಡುತ್ತದೆ. ಚಾರ್ಜು ಬೇರೆ ನಿಲ್ಲುವುದಿಲ್ಲ. ಹೀಗಿದ್ದರೂ ನೆಂಟರು ಬಂದಾಗ ಅದನ್ನೇ ಪಂಚೆಯ ತುದಿಯಲ್ಲಿ ಒರೆಸಿ, "ತಗೊಳ್ಳಿ, ಎಲ್ಲಕ್ಕಿಂತ ಇದೇ ಚೆನ್ನಾಗಿದೆ" ಅಂತ ನಗುನಗುತ್ತಾ ಕೈಗಿಡುತ್ತೇವೆ.

ನಮ್ಮ ಮನೆಯಲ್ಲಿ ಅದು ಬಾವನ ಪಾಲು. ಬಾವ ತೀರ್ಥಹಳ್ಳಿ ಕಡೆಯವರು, ಅಡಿಕೆ ತೋಟ ಇದೆ. ಹಬ್ಬಕ್ಕೆ ಅಕ್ಕನ ಜೊತೆ ಬೆಂಗಳೂರಿಗೆ ಬಂದರೆ ಫುಟ್‌ಬಾಲ್ ಗೇಮ್ ಆಡದೆ ವಾಪಸ್ ಹೋಗುವವರಲ್ಲ. ಆಟ ಶುರುವಾದ ಕೂಡಲೇ ಬಾವನ ಆಟಗಾರ ನಿಧಾನಕ್ಕೆ ಎಡಗಡೆಗೆ ನಡೆಯಲು ಶುರು ಮಾಡುತ್ತಾನೆ. ಬಾಲು ಬಲಗಡೆ ಇದೆ, ಜನ ಬಲಗಡೆ ಇದ್ದಾರೆ, ಇವನೊಬ್ಬ ಮಾತ್ರ ಯಾರ ಗೊಡವೆಯೂ ಬೇಡ ಅಂತ ಎಡಗಡೆ ಮೂಲೆಗೆ.

"ಇವನಿಗೇನಾಗಿದೆ ಮಾರಾಯ, ನಾನು ಸುಮ್ನೆ ಕೂತಿದ್ರೂ ಹೋಗ್ತಾನಲ್ಲ?"

ನನ್ನ ಮಗ ಟಿವಿಯಿಂದ ಕಣ್ಣು ಕೀಳದೆ, "ನೀರು ಕುಡಿಯೋಕೆ ಹೋಗ್ತಿದ್ದಾನೆ ಮಾವ" ಅಂದ. ಬಾವ ಅದನ್ನು ಬಹಳ ದಿನ ನಂಬಿದ್ದರು. ಈಗಿನ ಗೇಮುಗಳಲ್ಲಿ ಏನೇನೋ ಇರುತ್ತದೆ ಅಂತ ಊರಲ್ಲಿ ಹೇಳಿಕೊಂಡೂ ಬಂದಿದ್ದರಂತೆ.

ಇದಕ್ಕೆ ಡ್ರಿಫ್ಟ್ ಅಂತಾರೆ. ಸ್ಟಿಕ್ಕಿನ ಬುಡದಲ್ಲಿ, ಹಳೇ ರೇಡಿಯೋದ ವಾಲ್ಯೂಮ್ ತಿರುಗಿಸುವ ಜಾಗದಲ್ಲಿ ಇರುತ್ತಿತ್ತಲ್ಲ, ಅದೇ ಜಾತಿಯ ಎರಡು ಪುಟ್ಟ ಭಾಗಗಳು ಇರುತ್ತವೆ. ಒಂದು ಅಡ್ಡಡ್ಡ ಚಲನೆಗೆ, ಇನ್ನೊಂದು ಮೇಲೆ ಕೆಳಗೆ. ಒಳಗೆ ಕಾರ್ಬನ್ ಪಟ್ಟಿಯ ಮೇಲೆ ಲೋಹದ ಒಂದು ಸಣ್ಣ ನಾಲಿಗೆ ಉಜ್ಜುತ್ತಾ ಓಡಾಡುತ್ತದೆ. ಉಜ್ಜಿ ಉಜ್ಜಿ ಪಟ್ಟಿ ಸವೆಯುತ್ತದೆ, ಧೂಳು ಸೇರುತ್ತದೆ. ಆಮೇಲೆ ನೀವು ಸ್ಟಿಕ್ ಮುಟ್ಟದಿದ್ದರೂ ಅದು ಯಾರೋ ತಳ್ಳುತ್ತಿದ್ದಾರೆ ಅಂತಲೇ ತಿಳಿಯುತ್ತದೆ. ಉಜ್ಜಾಟವೇ ಇಲ್ಲದ, ಅಯಸ್ಕಾಂತದಿಂದ ಕೆಲಸ ಮಾಡುವ ಸ್ಟಿಕ್ಕುಗಳೂ ಈಗ ಬಂದಿವೆ. ಅವುಗಳಲ್ಲಿ ಈ ಸವೆತದ ಕಾಟ ಇಲ್ಲ. ಇಷ್ಟನ್ನೂ ನಾನು ಬಾವನಿಗೆ ವಿವರಿಸಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಅಂದರು: "ಹಾಗಾದ್ರೆ ಇಲ್ಲೀವರೆಗೆ ಸೋತಿದ್ದು ಯಾವುದೂ ಲೆಕ್ಕಕ್ಕಿಲ್ಲ."

ಒಳ್ಳೆಯ ಕಂಟ್ರೋಲರ್ ಕೊಟ್ಟರೂ ಬಾವನ ಕಥೆ ಬೇರೆ. ಅವರು ಬೆರಳಲ್ಲಿ ಆಡುವವರಲ್ಲ, ಮೈಯಲ್ಲಿ ಆಡುವವರು. ಕಾರಿನ ಗೇಮಿನಲ್ಲಿ ಬಲಕ್ಕೆ ತಿರುವು ಬಂದರೆ ಭುಜ, ಸೊಂಟ, ಕೊನೆಗೆ ಸೋಫಾದ ದಿಂಬು ಎಲ್ಲವೂ ಬಲಕ್ಕೆ ವಾಲುತ್ತವೆ. ಒಂದು ಸಲ ಹಾಗೆ ವಾಲಿದಾಗ ಮೊಣಕೈ ಹೋಗಿ ಅಕ್ಕನ ಕಾಫಿ ಲೋಟಕ್ಕೆ ಬಡಿದು, ಕಾಫಿ ಹೋಗಿ ಅವರ ಹೊಸ ಅಂಗಿಯ ಮೇಲೆಯೇ ಬಿತ್ತು. ಕಾರು ಮಾತ್ರ ತಿರುಗಲಿಲ್ಲ. ನೇರವಾಗಿ ಹೋಗಿ ಗೋಡೆಗೆ.

ಬಾವನಂಥವರು ಪ್ರಪಂಚದ ಎಲ್ಲ ಕಡೆ ಇದ್ದಾರೆ. 2006ರಲ್ಲಿ ಜಪಾನಿನ ನಿಂಟೆಂಡೊ ಕಂಪನಿಯವರು ವೀ ಅಂತ ಒಂದು ಗೇಮ್ ಯಂತ್ರ ತಂದರು. ಅದರ ಕಂಟ್ರೋಲರ್ ನೋಡಲು ಟಿವಿ ರಿಮೋಟಿನಂತೆ, ಕೈ ಬೀಸಿದರೆ ಪರದೆಯಲ್ಲಿ ಬ್ಯಾಟು ಬೀಸುತ್ತದೆ. ಜನ ಎಷ್ಟು ಜೋರಾಗಿ ಬೀಸಿದರು ಅಂದರೆ, ಮಣಿಕಟ್ಟಿಗೆ ಕಟ್ಟುವ ದಾರ ಕಿತ್ತು ರಿಮೋಟು ಹಾರಿ ಟಿವಿಗಳಿಗೆ ಬಡಿಯತೊಡಗಿತು. ಅದೇ ಡಿಸೆಂಬರಿನಲ್ಲಿ ಕಂಪನಿ ಸುಮಾರು 32 ಲಕ್ಷ ದಾರಗಳನ್ನು ಬದಲಾಯಿಸಿ ಕೊಡಬೇಕಾಯಿತು. ಮುಂದಿನ ವರ್ಷ ರಿಮೋಟಿಗೆ ಒಂದು ಮೆತ್ತನೆಯ ಸಿಲಿಕೋನ್ ಅಂಗಿಯನ್ನೂ ಹೊಲಿಸಿ ಕೊಟ್ಟರು. ಸದ್ಯ, ಆ ಯಂತ್ರ ನಮ್ಮ ಬಾವನ ಕೈಗೆ ಸಿಗಲಿಲ್ಲ.

ಆದರೆ ಬಾವನನ್ನು ಆಡಿಕೊಳ್ಳುವ ಅಧಿಕಾರ ನಮ್ಮ ತಲೆಮಾರಿಗೆ ಇದೆಯೇ ಅಂತ ಅನುಮಾನ. ನಾವು ತೊಂಬತ್ತರ ದಶಕದಲ್ಲಿ 'ಟಿವಿ ಗೇಮ್' ಆಡಿ ಬೆಳೆದವರು. ಜಪಾನಿನ ಅಸಲಿ ಯಂತ್ರದ ಎಷ್ಟನೆಯ ನಕಲೋ ಏನೋ, ಕ್ಯಾಸೆಟ್ಟಿನ ಮೇಲೆ ಲಕ್ಷಗಟ್ಟಲೆ ಗೇಮು ಅಂತ ಬರೆದಿರುತ್ತಿತ್ತು, ಒಳಗೆ ಕಾಂಟ್ರಾ, ಮಾರಿಯೋ ಮತ್ತು ಅವೇ ಎರಡು ಮತ್ತೆ ಮತ್ತೆ. ಕಂಟ್ರೋಲರ್ ಅಂದರೆ ಚೌಕಾಕಾರದ ಒಂದು ಪ್ಲಾಸ್ಟಿಕ್ ಡಬ್ಬಿ. ಮೂಲೆಗಳೆಲ್ಲ ಚೂಪು, ಅಂಗೈಯೊಳಗೆ ಕುಟುಕುತ್ತಿದ್ದವು. ಎಡಗಡೆ ಪ್ಲಸ್ ಗುರುತಿನ ಬಟನ್. ಗುನ್‌ಪೇ ಯೊಕೊಯಿ ಅನ್ನುವ ನಿಂಟೆಂಡೊ ಎಂಜಿನಿಯರ್ 1982ರಲ್ಲಿ, ಜೇಬಿನಲ್ಲಿ ಇಟ್ಟುಕೊಳ್ಳುವ ಡಾಂಕಿ ಕಾಂಗ್ ಅನ್ನುವ ಗೇಮಿನ ಚಿಕ್ಕ ಯಂತ್ರಕ್ಕೆ ಅಂತ ಅದನ್ನು ಮಾಡಿದ್ದು. ಜೇಬಿನಲ್ಲಿ ಕೋಲಿನಂಥ ಸ್ಟಿಕ್ ಹಿಡಿಸುವುದಿಲ್ಲ ಅಲ್ವಾ, ಅದಕ್ಕೆ ಚಪ್ಪಟೆ ಬಟನ್. ಒಳ್ಳೆಯ ಯೋಚನೆಯೇ. ಆದರೆ ಬೇಸಿಗೆ ರಜೆ ಪೂರ್ತಿ ಅದರ ಮೇಲೆ ಹೆಬ್ಬೆರಳು ಉಜ್ಜುವ ಹುಡುಗರು ಇರುತ್ತಾರೆ ಅಂತ ಅವರು ಎಣಿಸಿರಲಿಕ್ಕಿಲ್ಲ.

ವೈರು ಬೇರೆ ಗಿಡ್ಡ. ಟಿವಿಗೆ ಮೂಗು ತಾಗಿಸಿ ಕೂರಬೇಕಿತ್ತು. ಮಾರಿಯೋ ಹಾರುವಾಗ ನಾವೂ ಕಂಟ್ರೋಲರ್ ಎತ್ತಿ ಹಾರಿಸುತ್ತಿದ್ದೆವು (ನೋಡಿ, ಬಾವನ ಕಾಯಿಲೆ ಎಲ್ಲರಿಗೂ ಇದೆ), ವೈರಿನ ಜೊತೆ ಯಂತ್ರವೂ ಟೇಬಲ್ಲಿನಿಂದ ಎದ್ದು ಬಂದು ಕೆಳಗೆ ಬೀಳುತ್ತಿತ್ತು, ಆಟ ಮೊದಲಿನಿಂದ. ಹೆಬ್ಬೆರಳಲ್ಲಿ ಬೊಬ್ಬೆ ಎದ್ದಾಗ ಅಣ್ಣ ಅದನ್ನು ಪೆನ್ನು ಹಿಡಿದು ಬರೆದಿದ್ದರಿಂದ ಆಗಿದ್ದು ಅಂತ ಅಮ್ಮನಿಗೆ ತೋರಿಸಿದ. ಎಡಗೈ ಹೆಬ್ಬೆರಳು. ಅಣ್ಣ ಬರೆಯುವುದು ಬಲಗೈಯಲ್ಲಿ.

ಅಮೆರಿಕದ ಮಕ್ಕಳ ಬೊಬ್ಬೆಗೆ ನಮಗಿಂತ ಜಾಸ್ತಿ ಬೆಲೆ ಸಿಕ್ಕಿತು. ನಿಂಟೆಂಡೊ 64 ಯಂತ್ರದ ಕಂಟ್ರೋಲರಿಗೆ ಹಿಡಿಕೆಗಳು ಮೂರು, ಹಿಡಿಯುವ ಕೈ ಎರಡು. ಅದರ ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಸ್ಟಿಕ್. ಮಾರಿಯೋ ಪಾರ್ಟಿ ಗೇಮಿನ ಕೆಲವು ಸ್ಪರ್ಧೆಗಳಲ್ಲಿ ಆ ಸ್ಟಿಕ್ಕನ್ನು ಆದಷ್ಟು ಜೋರಾಗಿ ಗರಗರ ತಿರುಗಿಸಬೇಕಿತ್ತು. ಬೆರಳಿಗಿಂತ ಅಂಗೈಯಲ್ಲಿ ತಿರುಗಿಸಿದರೆ ವೇಗ ಜಾಸ್ತಿ ಅಂತ ಮಕ್ಕಳು ಕಂಡುಕೊಂಡರು, ಅಂಗೈ ಚರ್ಮ ಕಿತ್ತು ಬಂತು, ಅಪ್ಪ-ಅಮ್ಮಂದಿರು ದೂರು ಕೊಟ್ಟರು, ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಕಚೇರಿಯವರೆಗೂ ವಿಷಯ ಹೋಗಿ 2000ದಲ್ಲಿ ಕಂಪನಿಯವರು ಕೇಳಿದವರಿಗೆ ಕೈಗವಸು ಕೊಡಲು ಒಪ್ಪಿಕೊಂಡರು. ನಮ್ಮ ಮನೆಯಲ್ಲಿ ಅಮ್ಮ ಕೊಬ್ಬರಿ ಎಣ್ಣೆ ಹಚ್ಚಿ, ಟಿವಿಯ ಪ್ಲಗ್ ಕಿತ್ತು ಸೀರೆ ಬೀರುವಿನಲ್ಲಿ ಇಟ್ಟಳು. ದೂರು, ವಿಚಾರಣೆ, ತೀರ್ಪು ಎಲ್ಲಾ ಐದೇ ನಿಮಿಷದಲ್ಲಿ.

ಈಗ ನನ್ನ ಹೆಂಡತಿಯ ವಿಚಾರ. ಅವಳ ಕೈ ಚಿಕ್ಕದು. ನನ್ನ ಕೈಗೆ ಸರಿಯಾಗಿ ಕೂರುವ ಕಂಟ್ರೋಲರಿನಲ್ಲಿ ಅವಳ ತೋರುಬೆರಳು ಹಿಂದಿನ ಟ್ರಿಗರಿನ ತುದಿಗಷ್ಟೇ ತಲುಪುತ್ತದೆ. ಅದಕ್ಕೆ ಅವಳು ತೊಡೆಯ ಮೇಲೆ ದಿಂಬಿಟ್ಟು, ಅದರ ಮೇಲೆ ಕಂಟ್ರೋಲರ್ ಇಟ್ಟು, ಹಾರ್ಮೋನಿಯಂ ನುಡಿಸುವವರ ಹಾಗೆ ಕೂತು ಆಡುತ್ತಾಳೆ. ನೋಡಿದವರು ನಗುತ್ತಾರೆ, ಆದರೆ ಗೆಲ್ಲುವುದು ಅವಳೇ. "ಇದನ್ನ ಯಾರ ಕೈ ಅಳತೆಗೆ ಮಾಡಿದ್ದಾರೆ?" ಅನ್ನುವುದು ಅವಳ ಹಳೆಯ ಪ್ರಶ್ನೆ. ನ್ಯಾಯವಾದದ್ದೇ. 2001ರಲ್ಲಿ ಮೈಕ್ರೋಸಾಫ್ಟ್ ಮೊದಲ ಎಕ್ಸ್‌ಬಾಕ್ಸ್ ಗೇಮ್ ಯಂತ್ರ ತಂದಾಗ ಅದರ ಕಂಟ್ರೋಲರ್ ತೀರಾ ದೊಡ್ಡದಿತ್ತು. 'ಡ್ಯೂಕ್' ಅಂತಲೇ ಅದಕ್ಕೆ ಹೆಸರಾಯಿತು. ಜಪಾನಿನವರಿಗೆ ಅಂತ 2002ರಲ್ಲಿ ಚಿಕ್ಕದೊಂದು ಮಾಡಿದರು. ಆ ಚಿಕ್ಕದೇ ನಮಗೂ ಬೇಕು ಅಂತ ಅಮೆರಿಕದವರೂ ಕೇಳಿದರು. ಡ್ಯೂಕ್ ಮೂಲೆ ಸೇರಿತು. ಅಂದರೆ ಇಷ್ಟು ದಿನ ಎಲ್ಲರೂ ಸುಮ್ನೆ ಬೆರಳು ಎಳೆದೆಳೆದು ಆಡುತ್ತಿದ್ದರು ಅಂತಾಯಿತು. ತಮಾಷೆ ಏನು ಅಂದರೆ, 2018ರಲ್ಲಿ ಹಳೇ ನೆನಪಿಗೆ ಅಂತ ಇನ್ನೊಂದು ಕಂಪನಿ ಅದೇ ಡ್ಯೂಕನ್ನು ಮತ್ತೆ ಮಾಡಿ ಮಾರಿತು. ಕೈ ನೋಯಿಸಿದ್ದನ್ನೂ ಜನ ಪ್ರೀತಿಯಿಂದಲೇ ನೆನಪಿಟ್ಟುಕೊಂಡಿದ್ದರು!

ನನಗೆ ಅನಿಸುವುದು ಇಷ್ಟೇ. ಯಾವುದು ಆರಾಮ ಅನ್ನುವುದಕ್ಕೂ ಯಾವುದು ಇಷ್ಟ ಅನ್ನುವುದಕ್ಕೂ ಸಂಬಂಧ ಕಡಿಮೆ. ಯಾವುದನ್ನು ಮೊದಲು ಹಿಡಿದೆವೋ ಕೈ ಅದರದ್ದೇ ಗುಲಾಮ. ಅಣ್ಣನ ಮಗ ಇದನ್ನು ಒಪ್ಪುವುದಿಲ್ಲ. ಅವನು ಎಂಜಿನಿಯರಿಂಗ್ ಓದುತ್ತಿದ್ದಾನೆ, ಆದ್ದರಿಂದ ಎಲ್ಲದಕ್ಕೂ ಕಾರಣ ಬೇಕು. ಎಕ್ಸ್‌ಬಾಕ್ಸಿನಲ್ಲಿ ಎಡ ಸ್ಟಿಕ್ ಮೇಲೆ, ಬಲ ಸ್ಟಿಕ್ ಕೆಳಗೆ. ಸೋನಿಯವರ ಪ್ಲೇಸ್ಟೇಷನ್ ಯಂತ್ರದಲ್ಲಿ ಎರಡೂ ಕೆಳಗೆ, ಅಕ್ಕಪಕ್ಕ. ಎಡ ಹೆಬ್ಬೆರಳು ತಾನಾಗಿ ಹೋಗಿ ಕೂರುವುದು ಮೇಲಿನ ಜಾಗದಲ್ಲಿ, ಹಾಗಾಗಿ ಎಕ್ಸ್‌ಬಾಕ್ಸೇ ಸರಿ ಅಂತ ಅವನ ವಾದ. ಹೋಳಿಗೆ ಊಟದ ಮಧ್ಯೆ ಕೈ ತೊಳೆಯದೆ, ಎಲೆಯ ಮುಂದೆ ಕೂತು, ತುಪ್ಪದ ಹೆಬ್ಬೆರಳನ್ನೇ ಎತ್ತಿ ತೋರಿಸಿ ವಿವರಿಸಿದ. ಪ್ಲೇಸ್ಟೇಷನ್ನಿನಲ್ಲಿ ಹಾಗೆ ಆಗಿದ್ದಕ್ಕೆ ಕಾರಣ ಸರಳ. 1994ರಲ್ಲಿ ಅದು ಬಂದಾಗ ಸ್ಟಿಕ್ಕೇ ಇರಲಿಲ್ಲ. 1997ರಲ್ಲಿ ಸೇರಿಸುವಾಗ ಮೇಲಿನ ಒಳ್ಳೆಯ ಜಾಗದಲ್ಲಿ ಬಟನ್‌ಗಳು ಆಗಲೇ ಕೂತಿದ್ದವು, ಸ್ಟಿಕ್ಕಿಗೆ ಕೆಳಗಿನ ಖಾಲಿ ಜಾಗ ಸಿಕ್ಕಿತು. ಬಸ್ಸಿಗೆ ತಡವಾಗಿ ಬಂದವರ ಪಾಡು. ಆದರೂ ಅದನ್ನೇ ಹಿಡಿದು ಬೆಳೆದವರಿಗೆ ಬೇರೆ ಯಾವುದೂ ರುಚಿಸುವುದಿಲ್ಲ. ಅಷ್ಟೆಲ್ಲ ಹೆಬ್ಬೆರಳಿನ ಶಾಸ್ತ್ರ ಹೇಳಿದ ಹುಡುಗ ಆಮೇಲೆ ರೂಮಿಗೆ ಹೋಗಿ, ಬೆರಳಿಗೆ ಪುಟ್ಟ ಬಟ್ಟೆಯ ಟೋಪಿ ಹಾಕಿಕೊಂಡು, ಬೆವರದಿರಲಿ ಅಂತ ಪೌಡರ್ ಹಚ್ಚಿಕೊಂಡು, ನಾಲ್ಕು ಬೆರಳನ್ನು ಏಡಿಯಂತೆ ಬಗ್ಗಿಸಿ ಮೊಬೈಲಿನಲ್ಲಿ ಗುಂಡು ಹಾರಿಸುತ್ತಾ ಕೂತ. ಹಿಡಿಕೆಯೂ ಇಲ್ಲ, ಬಟನ್ನೂ ಇಲ್ಲ, ಬರೀ ಗಾಜು. ಅದರ ಬಗ್ಗೆ ಅವನಿಗೆ ಯಾವ ತಕರಾರೂ ಇಲ್ಲ.

ಕೈ ಗುಲಾಮ ಅಂದೆನಲ್ಲ, ಅದರಿಂದ ನಮ್ಮ ಮನೆಯಲ್ಲಿ ಒಂದು ದೊಡ್ಡ ಅನಾಹುತವೇ ಆಯಿತು. ಹೆಂಡತಿ ಒಂದು ವ್ಯವಸಾಯದ ಗೇಮಿನಲ್ಲಿ ತಿಂಗಳುಗಟ್ಟಲೆ ಬೆಳೆ ಬೆಳೆದು, ದನ ಸಾಕಿ, ಸೇತುವೆ ಕಟ್ಟಿಸಿದ್ದಳು. ಅಕ್ಕನ ಮಗಳು ಬಂದವಳು ಸುಮ್ನೆ ಹೊಸದಾಗಿ ಒಂದು ಆಟ ಶುರು ಮಾಡಿ, ಉಳಿಸಲು ಹೋದಳು. ಹಳೆಯ ಆಟದ ಜಾಗದಲ್ಲೇ ಇದನ್ನು ಉಳಿಸಬೇಕೇ ಅಂತ ಪರದೆ ಕೇಳಿತು. ಅವಳಿಗೆ ಬೇಡ ಅನ್ನುವುದೇ ಇತ್ತು. ಹೆಬ್ಬೆರಳು ಕೆಳಗಿನ ಬಟನ್ ಒತ್ತಿತು. ಅವಳು ದುಬೈಯಿಂದ ಚಿಕ್ಕಪ್ಪ ತಂದ ನಿಂಟೆಂಡೊದಲ್ಲಿ ಆಡಿ ಬೆಳೆದವಳು. ಅದರಲ್ಲಿ ಬಲಗಡೆಯ ಬಟನ್ ಒತ್ತಿದರೆ ಸರಿ, ಕೆಳಗಿನದು ಬೇಡ. ನಮ್ಮದರಲ್ಲಿ ಕೆಳಗಿನದೇ ಸರಿ. ದನ, ಸೇತುವೆ, ಬೆಳೆ ಎಲ್ಲಾ ಹೋಯಿತು.

ಇದು ಬರೀ ನಮ್ಮ ಮನೆಯ ಗೊಂದಲ ಅಂದುಕೊಳ್ಳಬೇಡಿ. ಪ್ಲೇಸ್ಟೇಷನ್ನಿನ ವೃತ್ತ, ಇಂಟು, ತ್ರಿಕೋನ, ಚೌಕಗಳನ್ನು ರೂಪಿಸಿದ ತೇಯು ಗೋಟೊ ಅವರ ಲೆಕ್ಕದಲ್ಲಿ ವೃತ್ತ ಅಂದರೆ ಸರಿ, ಇಂಟು ಅಂದರೆ ಬೇಡ. ಜಪಾನಿನಲ್ಲಿ ಹಾಗೆಯೇ ನಡೆಯುತ್ತಿತ್ತು. ಇಂಟು ಹಾಕಿದರೆ ತಪ್ಪು ಅಂತ ನಮ್ಮ ಮೇಷ್ಟ್ರೂ ಕೆಂಪು ಪೆನ್ನಲ್ಲಿ ಕಲಿಸಿದ್ದರಲ್ಲ. ಆದರೆ ಅಮೆರಿಕ, ಯುರೋಪಿನ ಗೇಮುಗಳಲ್ಲಿ ಇಂಟು ಒತ್ತಿದರೆ ಸರಿ ಅಂತ ಆಗಿಹೋಯಿತು. ಕೊನೆಗೆ 2020ರಲ್ಲಿ ಪ್ಲೇಸ್ಟೇಷನ್ 5 ಬಂದಾಗ ಜಪಾನಿನವರೂ ಇಂಟುವಿಗೇ ಹೊಂದಿಕೊಳ್ಳಬೇಕಾಯಿತು. ಕಾಲು ಶತಮಾನದ ಅಭ್ಯಾಸ! ಅಲ್ಲಿಯೂ ಎಷ್ಟು ಮನೆಗಳಲ್ಲಿ ಸೇತುವೆ ಬಿದ್ದಿರಬಹುದು ಅಂತ ಯೋಚಿಸುತ್ತೇನೆ. ಹೆಂಡತಿ ಹುಡುಗಿಗೆ "ಹೋಗ್ಲಿ ಬಿಡು ಪುಟ್ಟಿ, ಏನಾಗಲ್ಲ" ಅಂದು ತಲೆ ಸವರಿ ಚಕ್ಕುಲಿ ಕೊಟ್ಟಳು. ಆಮೇಲೆ ಇಡೀ ಸಂಜೆ ನನ್ನ ಹತ್ತಿರ ಮಾತಾಡಲಿಲ್ಲ.

ಅಮ್ಮನಿಗೆ ಹೆಬ್ಬೆರಳಿನ ಬುಡದಲ್ಲಿ ನೋವು. ಸ್ಟಿಕ್ ತಿರುಗಿಸಲು ಆಗುವುದಿಲ್ಲ, ಆದರೆ ಮೊಮ್ಮಗ ಆಡುವಾಗ ಪಕ್ಕದಲ್ಲೇ ಕೂತು ನೋಡುವ ಹುಚ್ಚು. ಕೈ ಸರಿಯಾಗಿ ಓಡದವರಿಗೆ ಅಂತಲೇ ಎಕ್ಸ್‌ಬಾಕ್ಸಿನವರು 2018ರಲ್ಲಿ ಒಂದು ಕಂಟ್ರೋಲರ್ ತಂದರು. ಅಂಗೈಯಷ್ಟು ಅಗಲದ ಎರಡು ಬಟನ್, ಬೇಕಾದ ಕಡೆ ಇಟ್ಟು, ಕಾಲಲ್ಲೋ ಮೊಣಕೈಯಲ್ಲೋ ಒತ್ತುವ ಬೇರೆ ಬಟನ್‌ಗಳನ್ನೂ ಜೋಡಿಸಬಹುದು. ಪ್ಲೇಸ್ಟೇಷನ್ನಿನವರು 2023ರಲ್ಲಿ ಟೇಬಲ್ಲಿನ ಮೇಲೆ ಚಪ್ಪಟೆಯಾಗಿ ಇಡುವ ದುಂಡನೆಯದೊಂದು ತಂದರು. ಬೇರೆ ಏನೂ ಕೊಳ್ಳದೆ ಮಾಡುವ ಉಪಾಯವೂ ಇದೆ. ಎರಡು ಸಾದಾ ಕಂಟ್ರೋಲರುಗಳನ್ನು ಒಂದೇ ಆಟಗಾರನಿಗೆ ಕಟ್ಟುವ ಸೌಲಭ್ಯ ಎರಡೂ ಯಂತ್ರಗಳಲ್ಲಿ ಇದೆ. ಒಬ್ಬರು ಓಡಿಸಿದರೆ ಇನ್ನೊಬ್ಬರು ಒದೆಯಬಹುದು. ಮಗ ಸೆಟ್ಟಿಂಗಿನಲ್ಲಿ ಅದನ್ನು ಹುಡುಕಿ, ಓಡಿಸುವ ಕೆಲಸ ಬಾವನಿಗೆ, ಒದೆಯುವ ಬಟನ್ ಅಜ್ಜಿಗೆ ಅಂತ ಹಂಚಿದ.

ಅಮ್ಮ ಕಂಟ್ರೋಲರನ್ನು ತೊಡೆಯ ಮೇಲಿಟ್ಟು ಮುಷ್ಟಿಯಿಂದ ಒತ್ತತೊಡಗಿದಳು. ಬಾಲು ಬಂದರೂ ಒತ್ತಿದಳು, ಬರದಿದ್ದರೂ ಒತ್ತಿದಳು. ಬಾವ ಕಷ್ಟಪಟ್ಟು ನಾಲ್ಕು ಜನರನ್ನು ತಪ್ಪಿಸಿ ಗೋಲಿನ ಹತ್ತಿರ ಹೋಗಬೇಕು, ಅಷ್ಟರಲ್ಲಿ ಬಾಲು ಪ್ರೇಕ್ಷಕರ ಮಧ್ಯೆ.

"ಅತ್ತೆ, ಈಗ್ಲೇ ಒದೀಬೇಡಿ, ಇನ್ನೂ ಹತ್ತಿರ ಹೋಗೋಣ."

"ಅಳಿಯಂದಿರೇ, ನೀವು ಓಡೋದು ನೋಡ್ಕೊಳ್ಳಿ. ಒದೆಯೋದು ನನಗೆ ಬಿಡಿ."

ಏಳು ಗೋಲಿನಿಂದ ಸೋತರು. ಅತ್ತೆಯನ್ನು ದೂರುವ ಹಾಗಿಲ್ಲವಲ್ಲ. ಬಾವ ಎದ್ದು, ಅಡಿಕೆ ರೇಟು ಏನಾಯಿತೋ ನೋಡಬೇಕು ಅಂತ ಫೋನು ಹಿಡಿದು ಹೊರಗೆ ಹೋದರು. ಅಮ್ಮ ಮೊಮ್ಮಗನ ಕಡೆ ತಿರುಗಿ, "ಇನ್ನೊಂದು ಹಾಕೋ, ಈ ಸಲ ಓಡೋಕೆ ಬೇರೆ ಯಾರನ್ನಾದ್ರೂ ಕರಿ" ಅಂದಳು.