ಫಿಯೆಟ್ಟಿಗೆ ಬುದ್ಧಿ ಬಂದ ಮೇಲೆ

ಹಳೇ ಫಿಯೆಟ್ ಇರುವ ಮನೆಯಲ್ಲಿ ಮಳೆಗಾಲದ ಬೆಳಗ್ಗೆ ಹೇಗಿರುತ್ತದೆ ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತೀರ್ಥಹಳ್ಳಿ ಕಡೆ ಇರುವ ನಮ್ಮ ದೊಡ್ಡಪ್ಪನದು ಪ್ರೀಮಿಯರ್ ಪದ್ಮಿನಿ. 1089 ಸಿಸಿ ಇಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರು. ಹೆಸರು ಪದ್ಮಿನಿಯಾದರೂ ಮನೆಯವರಿಗೆಲ್ಲ ಅದು ಫಿಯೆಟ್ಟೇ. ತಣ್ಣಗಾದ ಇಂಜಿನ್ ಎಬ್ಬಿಸಲು ಎಳೆಯಬೇಕಾದ ಚೋಕ್ ಗುಬುಟು ಎಳೆದರೆ ನಿಲ್ಲದೆ ಸರ್ರನೆ ಒಳಗೆ ಹೋಗುತ್ತಿತ್ತು. ದೊಡ್ಡಮ್ಮನ ಬಟ್ಟೆ ಕ್ಲಿಪ್ ಸಿಕ್ಕಿಸಿ ಅದನ್ನು ಹಿಡಿದು ನಿಲ್ಲಿಸಬೇಕು. ಅಷ್ಟಾದರೂ ಸ್ಟಾರ್ಟ್ ಆಗದಿದ್ದರೆ ತೋಟದ ಕೆಲಸಕ್ಕೆ ಬಂದವರೆಲ್ಲ ಕತ್ತಿ ಕೆಳಗಿಟ್ಟು ತಳ್ಳಬೇಕು. ಆಗುಂಬೆ ಘಾಟಿಯ 14 ತಿರುವು ಹತ್ತಿದರಂತೂ ಮುಗಿಯಿತು. ಬಿಸಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಗಾಡಿ ನಿಲ್ಲುತ್ತಿತ್ತು. ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಎಲೆಯಡಿಕೆ ಹಾಕಿಕೊಂಡು ಕೂರುವುದು.

ಇದಕ್ಕೆಲ್ಲ ಕೊನೆ ಹಾಡಲು ಹೊರಟವನು ದೊಡ್ಡಪ್ಪನ ಮೊಮ್ಮಗ. ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಾನೆ.

"ಅಜ್ಜ, ಪೆಟ್ರೋಲಿಗೆ ಗಾಳಿ ಬೆರೆಸೋ ಈ ಕಾರ್ಬೊರೇಟರ್ ತೆಗೆದು ಎಲೆಕ್ಟ್ರಾನಿಕ್ ಇಂಜೆಕ್ಷನ್ ಹಾಕೋಣ. ಕಂಪ್ಯೂಟರೇ ಅಳೆದು ಪೆಟ್ರೋಲ್ ಚಿಮ್ಮಿಸುತ್ತೆ."

"ಹಳೇ ಗಾಡಿಗೆ ಹೊಸ ಸಾಮಾನು ಬ್ಯಾಡ ಮಾರಾಯ."

"ಹೊಸದಲ್ಲ ಅಜ್ಜ. ಫೋಕ್ಸ್‌ವ್ಯಾಗನ್ ಕಾರಿಗೆ ಬಾಷ್ ಕಂಪನಿ 1967ರಲ್ಲೇ ಹಾಕಿದೆ."

ದೊಡ್ಡಪ್ಪ ಲೆಕ್ಕ ಹಾಕಿದರು. ಇಂಜೆಕ್ಷನ್ನು ತಮ್ಮ ಕಾರಿಗಿಂತ ಹಳೇದು ಅಂತ ಗೊತ್ತಾದ ಮೇಲೆ ಒಪ್ಪದೆ ಇರಲು ಕಾರಣವೇ ಉಳಿಯಲಿಲ್ಲ.

ಗಾಡಿ ಶಿವಮೊಗ್ಗದ ಗ್ಯಾರೇಜಿಗೆ ಬಂತು. ಉಸ್ತುವಾರಿ ನನ್ನದು. ಇಂಜಿನ್ ಜೊತೆಗೇ ತಿರುಗುವ ಕ್ರ್ಯಾಂಕ್ ಪುಲ್ಲಿಗೆ 36 ಹಲ್ಲಿನ ಚಕ್ರ ಕೂರಿಸಿದರು, ಅದರಲ್ಲೂ ಒಂದು ಹಲ್ಲು ಬೇಕೆಂದೇ ತೆಗೆದದ್ದು. ಆ ಖಾಲಿ ಜಾಗ ಸೆನ್ಸರ್ ಮುಂದೆ ಹಾದಾಗಲೇ ಇಂಜಿನ್ ಯಾವ ಹಂತದಲ್ಲಿದೆ ಅಂತ ಕಂಪ್ಯೂಟರಿಗೆ ತಿಳಿಯುವುದು. "ಹಲ್ಲು ಬಿದ್ದ ಮೇಲೇ ಬುದ್ಧಿ ಬರೋದು ಅನ್ನು" ಎಂದು ದೊಡ್ಡಪ್ಪ ಫೋನಿನಲ್ಲಿ ನಕ್ಕರು. ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಅಂತ ನೋಡುವ ಇನ್ನೊಂದು ಸೆನ್ಸರ್ ಸೈಲೆನ್ಸರ್ ಪೈಪಿಗೆ. ಅದನ್ನು ಕೂರಿಸಿದವನು ಪಕ್ಕದ ಶೆಡ್ಡಿನಲ್ಲಿ ಗೇಟು ವೆಲ್ಡಿಂಗ್ ಮಾಡುವವನು. ಪೈಪು ಹಾರಿಹೋದೀತು, ಆ ವೆಲ್ಡಿಂಗ್ ಬಿಡಲಿಕ್ಕಿಲ್ಲ.

ಮೊದಲ ಸಲ ಕೀ ತಿರುಗಿಸಿದಾಗ ಇಂಜಿನ್ನಿಗಿಂತ ಮೊದಲು ನಾವು ಓಡಿದೆವು. ಹಳೇ ಪಂಪು ಪೆಟ್ರೋಲ್ ತಳ್ಳುತ್ತಿದ್ದ ಒತ್ತಡ ಮೂರ್ನಾಲ್ಕು ಪಿಎಸ್‌ಐ. ಹೊಸ ಕರೆಂಟ್ ಪಂಪಿನದು 43. ಬದಲಾಯಿಸದೆ ಉಳಿದಿದ್ದ ಒಂದೇ ಒಂದು ಗೇಣುದ್ದದ ರಬ್ಬರ್ ಪೈಪು ಫಟ್ ಅಂತು. ಮೆಕ್ಯಾನಿಕ್ಕಿನ ಅಂಗಿ ಪೂರ್ತಿ ಪೆಟ್ರೋಲ್. ಮೂರು ಅಂಗಡಿಯಾಚೆ ಬೀಡಿ ಸೇದುತ್ತಿದ್ದವನಿಗೂ "ಆರಿಸೋ" ಅಂತ ಕೂಗು ಬಿತ್ತು.

ಪೈಪು ಬದಲಾದ ಮೇಲೆ ನಿಜವಾಗಿಯೂ ಗಾಡಿ ಚೆನ್ನಾಯಿತು, ಸುಮ್ನೆ ಹೇಳಬಾರದು. ಚೋಕ್ ಬೇಡ, ಕ್ಲಿಪ್ ಬೇಡ, ಕೀ ಕೊಟ್ಟರೆ ಸ್ಟಾರ್ಟ್. ಆದರೂ ಮೆಕ್ಯಾನಿಕ್ಕಿಗೆ ಸಮಾಧಾನವಿಲ್ಲ. "ಕಾರ್ಬೊರೇಟರಲ್ಲಾದ್ರೆ ಪೆಟ್ರೋಲ್ ಬರೋ ಜೆಟ್ಟಿಗೆ ಕಸ ಕಟ್ಟಿದ್ರೆ ಊದ್ತಿದ್ದೆ. ಇದ್ರಲ್ಲಿ ಬಾಯಲ್ಲಿ ಊದಕ್ಕೆ ಒಂದು ಜೆಟ್ಟೂ ಇಲ್ವಲ್ಲ ಸಾರ್" ಅಂದ.

ಜೂನ್ ಮೊದಲ ವಾರ ಶಿವಮೊಗ್ಗದಲ್ಲಿ ಮದುವೆ. ದೊಡ್ಡಪ್ಪ, ದೊಡ್ಡಮ್ಮ, ಮೊಮ್ಮಗ, ನಾನು ಹೊರಟೆವು. ಧೋ ಅಂತ ಮಳೆ. ಹೆಡ್‌ಲೈಟು, ವೈಪರು, ಜೊತೆಗೆ ಹೊಸ ಪಂಪು, ಹೊಸ ಕಂಪ್ಯೂಟರು. ಇಷ್ಟೂ ಜನಕ್ಕೆ ಕರೆಂಟ್ ದುಡಿದು ಹಾಕಬೇಕಾದದ್ದು ಅದೇ ಹಳೇ ಡೈನಮೋ. ಇಂಜಿನ್ ನಿಧಾನಕ್ಕಿದ್ದರೆ ಅದರ ಸಂಪಾದನೆ ಅಷ್ಟಕ್ಕಷ್ಟೇ. ಮಂಡಗದ್ದೆಯಲ್ಲಿ ಕಾಫಿ ಕುಡಿದು ಬಂದು ಕೀ ತಿರುಗಿಸಿದರೆ ಟಕ್, ಟಕ್, ಅಷ್ಟೇ.

ಮಲೆನಾಡಿನಲ್ಲಿ ಫಿಯೆಟ್ ಕೆಟ್ಟು ನಿಂತರೆ ಯಾರನ್ನೂ ಕರೆಯಬೇಕಾಗಿಲ್ಲ. ಹೋಟೆಲಿನಿಂದ, ಬಸ್ ಸ್ಟಾಪಿನಿಂದ ಜನ ಬಂದರು. ಒಬ್ಬರು ಪಂಚೆ ಎತ್ತಿ ಕಟ್ಟಿದರು. ದೊಡ್ಡಪ್ಪ ಸೆಕೆಂಡ್ ಗೇರಿಗೆ ಹಾಕಿ ಕೂತರು. ತಳ್ಳಿದರು, ಕ್ಲಚ್ ಬಿಟ್ಟರು, ಗಾಡಿ ಗಕ್ಕನೆ ಎಗರಿ ನಿಂತಿತು. ಮತ್ತೆ ತಳ್ಳಿದರು. ಮಳೆಯಲ್ಲಿ ಎಲ್ಲರೂ ತೊಪ್ಪೆ. ಆಗ ಹಿಂದಿನ ಸೀಟಿನ ಕಿಟಕಿ ಇಳಿಯಿತು. ಮೊಮ್ಮಗ ತಲೆ ಹೊರಗೆ ಹಾಕಿ, "ಬ್ಯಾಟರಿ ಪೂರ್ತಿ ಇಳಿದ್ರೆ ಪಂಪು, ಕಂಪ್ಯೂಟರು ಎರಡೂ ಓಡಲ್ಲ. ಎಷ್ಟು ತಳ್ಳಿದ್ರೂ ಅಷ್ಟೇ" ಅಂದ.

"ಅದನ್ನ ತಳ್ಳೋಕೆ ಮೊದಲು ಹೇಳಕ್ಕೆ ಎಂತಾಗಿತ್ತಾ?" ಅಂದರು ಪಂಚೆಯವರು.

ಇನ್ನೊಬ್ಬರು ಸ್ಕ್ರೂಡ್ರೈವರ್ ಹಿಡಿದು ಬಾನೆಟ್ ಎತ್ತಿಸಿದರು. ಬಗ್ಗಿ ಆ ಕಡೆ ನೋಡಿದರು, ಈ ಕಡೆ ನೋಡಿದರು. "ಕಾರ್ಬೊರೇಟರ್ ಎಲ್ಲೋಯ್ತು?" ಅಂತ ಗಾಬರಿಯಲ್ಲಿ ಕೇಳಿದರು. ಕಳ್ಳತನದ ಕೇಸ್ ಇರಬೇಕು ಅನ್ನುವ ಧಾಟಿ. ಕೊನೆಗೆ ಅಡಿಕೆ ಮೂಟೆ ತುಂಬಿದ ಪಿಕಪ್ ಒಂದು ನಿಂತು, ಅದರ ಬ್ಯಾಟರಿಯಿಂದ ವೈರ್ ಎಳೆದು ಕೊಟ್ಟರೆ ಒಂದೇ ಸಲಕ್ಕೆ ಸ್ಟಾರ್ಟ್. ನಾವು ಛತ್ರ ಸೇರುವಷ್ಟರಲ್ಲಿ ಧಾರೆ ಮುಗಿದು ಎರಡನೇ ಪಂಕ್ತಿಗೆ ಎಲೆ ಹಾಕಿದ್ದರು.

ಡೈನಮೋ ಜಾಗಕ್ಕೆ ಈಗ ಇಂಜಿನ್ ನಿಧಾನಕ್ಕಿದ್ದರೂ ಕರೆಂಟ್ ದುಡಿಯುವ ಮಾರುತಿ ಓಮ್ನಿಯ ಆಲ್ಟರ್ನೇಟರ್ ಬಂದಿದೆ. ಆ ತೊಂದರೆ ಮುಗಿಯಿತು. ಮೊನ್ನೆ ಮೊಮ್ಮಗ ಜಗಲಿಯಲ್ಲಿ ಕೂತು ಗಾಡಿಯ ಕಂಪ್ಯೂಟರ್ ಬರೆದಿಟ್ಟ ಲೆಕ್ಕವನ್ನು ಲ್ಯಾಪ್‌ಟಾಪಿನಲ್ಲಿ ನೋಡುತ್ತಿದ್ದ.

"ಅಜ್ಜ, ಗಾಜನೂರು ಕಡೆಯಿಂದ ಬರ್ತಾ ಎಷ್ಟು ಓಡಿಸಿದ್ರಿ? ಟಾಪ್ ಗೇರಲ್ಲಿ ಈ ಆರ್‌ಪಿಎಂ ಅಂದ್ರೆ ತೊಂಬತ್ತರ ಹತ್ರ ಆಯ್ತಲ್ಲ!"

ಐವತ್ತು ದಾಟಿದವರೇ ಅಲ್ಲ ಅಂತ ದೊಡ್ಡಪ್ಪನ ಖ್ಯಾತಿ. ಒಳಗಿನಿಂದ ದೊಡ್ಡಮ್ಮ ಸೌಟು ಹಿಡಿದೇ ಬಂದರು. "ಹೌದಾ? ಇನ್ನೆಂತೆಂತ ಬರೆದಿದೆ, ಓದು ಪುಟ್ಟ."

ದೊಡ್ಡಪ್ಪ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಆ ಕಾರ್ಬೊರೇಟರ್ ಎಲ್ಲಿಟ್ಟಿದೀಯ ಮಾರಾಯ?"