ಆ ಬಟ್ಟೆಯ ಹಗ್ಗ ನಿಮಗೇನು ಮಾಡಿತ್ತು?

ಪರದೇಶದಲ್ಲಿ ಬೆನ್ನ ಹಿಂದಿನಿಂದ ಕನ್ನಡ ಕೇಳಿಸಿದರೆ ಕಣ್ಣು ತುಂಬಿ ಬರುತ್ತದೆ ಎಂದು ಹೋದ ವಾರವಷ್ಟೇ ಇಲ್ಲಿ ಬರೆದುಕೊಂಡಿದ್ದೆ. ಮೊನ್ನೆ ಪೋರ್ಚುಗಲ್ಲಿನ ಎವೊರಾದಲ್ಲಿ ಕೇಳಿಸಿತು. ನೆತ್ತಿಗೇರಿದ ಸಿಟ್ಟು, ಲಿಸ್ಬನ್‌ನ ಮಗಳ ಮನೆಗೆ ವಾಪಸು ಬಂದು ಎರಡು ದಿನವಾದರೂ ಇಳಿದಿಲ್ಲ. ಇಳಿಸಿಕೊಳ್ಳಲೆಂದೇ ಬರೆಯುತ್ತಿದ್ದೇನೆ. ಉದ್ದವಾಗುತ್ತದೆ, ಪುರುಸೊತ್ತಿಲ್ಲದವರು ದಾಟಿಕೊಂಡು ಹೋಗಬಹುದು.

ಎವೊರಾ ಲಿಸ್ಬನ್‌ನಿಂದ ಪೂರ್ವಕ್ಕೆ ಸುಮಾರು 130 ಕಿಲೋಮೀಟರ್. ಸಮುದ್ರವಿಲ್ಲ, ಬೀಚಿಲ್ಲ; ಅಲೆಂತೆಜು ಎಂಬ ಬಿಸಿಲು ಸೀಮೆಯ ನಡುವೆ ಕೋಟೆಗೋಡೆಯೊಳಗಿನ ಬಿಳಿ ಊರು. ಅಲ್ಲಿ ರುವಾ ದೊ ಕಾನು ಎಂಬ ಬೀದಿಯಿದೆ. ಕಾನು ಎಂದರೆ ಕೊಳವೆ. ನಮ್ಮಲ್ಲಾದರೆ ಕೊಳವೆ ಬೀದಿ ಎನ್ನುತ್ತಿದ್ದೆವು. ಬೀದಿಗುಂಟ ಕಲ್ಲಿನ ಮೇಲ್ಗಾಲುವೆ ಸಾಗುತ್ತದೆ. 1530ರ ದಶಕದಲ್ಲಿ ಮೂರನೆಯ ಜೊವಾವೊ ದೊರೆ ಕಟ್ಟಿಸಿದ್ದು, ಹೆಸರು ‘ಬೆಳ್ಳಿ ನೀರು’. ಸುಮಾರು 18 ಕಿಲೋಮೀಟರ್ ಆಚೆಯಿಂದ ಊರಿಗೆ ನೀರು ತರುತ್ತಿತ್ತು. ಲಿಸ್ಬನ್‌ಗೆ ಬಂದವರೆಲ್ಲ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಬೆಲೆಂ ಗೋಪುರವಿದೆಯಲ್ಲ, ಅದನ್ನು ಕಟ್ಟಿದ ಫ್ರಾನ್ಸಿಸ್ಕೊ ದೆ ಅರ್ರುಡಾನ ಕೈಕೆಲಸವೇ ಇದು. ಊರಾಚೆ ಎತ್ತರಕ್ಕೆ ನಿಂತ ಕಮಾನುಗಳು ಊರೊಳಗೆ ನೆಲ ಏರಿದಂತೆಲ್ಲ ಕುಳ್ಳಗಾಗುತ್ತ ಬರುತ್ತವೆ. ಆ ಕುಳ್ಳ ಕಮಾನುಗಳ ಹೊಟ್ಟೆಯೊಳಗೆ ಜನ ಮನೆ ಕಟ್ಟಿಕೊಂಡಿದ್ದಾರೆ.

ಮಾತಿಗೆ ಹೇಳುತ್ತಿಲ್ಲ, ನಿಜವಾದ ಮನೆಗಳು. ಕಲ್ಲಿನ ಕಮಾನೇ ಚೌಕಟ್ಟು. ಅದರೊಳಗೆ ಸುಣ್ಣ ಬಳಿದ ಗೋಡೆ, ಬುಡಕ್ಕೆ ಹಳದಿ ಪಟ್ಟೆ, ಒಂದು ಬಾಗಿಲು, ಬಾಗಿಲಿಗೆ ನಂಬರು, ಕಾಗದ ತೂರಿಸಲು ಒಂದು ಸೀಳು. ನಾನು ನೋಡುತ್ತ ನಿಂತಿದ್ದ ಮನೆಗೆ ಮೇಲೊಂದು ಕಿಟಕಿ, ಕಿಟಕಿಯ ಕೆಳಗೆ ಹಗ್ಗ. ಹಗ್ಗದ ಮೇಲೆ ಎರಡು ದಿಂಬಿನ ಚೀಲ, ಒಂದು ಚೌಕಳಿಯ ಕೈವಸ್ತ್ರ, ಗಂಡಸಿನ ಎರಡು ಬನಿಯನ್ನು. ಒಂದರ ಬೆನ್ನಿಗೆ ತೇಪೆ ಹಾಕಿದ್ದರು. ಐರೋಪ್ಯರೂ ಬನಿಯನ್ನಿಗೆ ತೇಪೆ ಹಾಕುತ್ತಾರೆ ಎಂಬ ಸಂತೋಷದಲ್ಲಿ ನಾನಿದ್ದೆ.

ಆಗ ಹಿಂದಿನಿಂದ ಬಂತು: “ಕಮಾನು ಎಷ್ಟು ಚೆನ್ನಾಗಿದೆ! ಆದರೆ ಈ ಜನರನ್ನೆಲ್ಲ ಖಾಲಿ ಮಾಡಿಸಬೇಕಿತ್ತು. ನಮ್ಮ ಹಂಪಿಯಲ್ಲಿ ನೋಡಿ, ಹೇಗೆ ಕ್ಲೀನ್ ಮಾಡಿದ್ದಾರೆ.”

ಕ್ಲೀನ್! ಹೊಸಪೇಟೆಯಲ್ಲಿ ಹುಟ್ಟಿ, ಹೊಸಪೇಟೆಯಲ್ಲೇ ಮದುವೆಯಾಗಿ, ಹೊಸಪೇಟೆಯ ಧೂಳನ್ನೇ ಐವತ್ತೆಂಟು ವರ್ಷ ಕುಡಿದವಳ ಎದುರಿಗೆ ಆ ಪದ. ತಿರುಗಿ ನೋಡಿದೆ. ಆರೇಳು ಜನರ ಗುಂಪು, ಕೊರಳಲ್ಲಿ ಪ್ರವಾಸಿ ಕಂಪನಿಯ ಪಟ್ಟಿ, ಎಲ್ಲರೂ ನನ್ನ ವಯಸ್ಸಿನವರೇ. ಮಾತನಾಡಿದ ಮಹನೀಯರು ಕೈಕಟ್ಟಿ, ತಲೆ ಒಂದು ಕಡೆಗೆ ವಾಲಿಸಿ, ಆ ಹಗ್ಗವನ್ನು ಇನ್‌ಸ್ಪೆಕ್ಷನ್‌ಗೆ ಬಂದ ಅಧಿಕಾರಿಯಂತೆ ನೋಡುತ್ತಿದ್ದರು.

ಸ್ವಾಮಿ, ಆ ಹಗ್ಗ ನಿಮಗೇನು ಮಾಡಿತ್ತು?

ಆ ಗುಂಪು ಬೆಳಗ್ಗೆ ರೋಮನ್ ದೇವಾಲಯ ನೋಡಿಕೊಂಡೇ ಬಂದಿರಬೇಕು. ಊರಿನ ನೆತ್ತಿಯ ಮೇಲಿದೆ. ಕ್ರಿಸ್ತಶಕ ಒಂದನೆಯ ಶತಮಾನದ್ದು. ಹದಿನಾಲ್ಕು ಕಂಬ ಇನ್ನೂ ನಿಂತಿವೆ, ಮೈ ಗ್ರಾನೈಟಿನದು, ತಲೆ ಅಮೃತಶಿಲೆಯದು. ಡಯಾನಾ ದೇವಿಯ ಗುಡಿ ಎಂದು ಎಲ್ಲರ ಬಾಯಲ್ಲೂ ಇದೆ. ಅದು ಬಹಳ ಈಚಿನ ಕಟ್ಟುಕತೆ, ಚಕ್ರವರ್ತಿಯ ಪೂಜೆಗೆ ಕಟ್ಟಿದ್ದು ಎನ್ನುವುದು ವಿದ್ವಾಂಸರ ಮಾತು. ಇರಲಿ. ಎರಡು ಸಾವಿರ ವರ್ಷ ಆ ಕಂಬಗಳು ಹೇಗೆ ಉಳಿದವು? ಊರಿನವರು ಕಂಬಗಳ ನಡುವೆ ಗೋಡೆ ಎಬ್ಬಿಸಿ ಅದನ್ನು ಕಸಾಯಿಖಾನೆ ಮಾಡಿಕೊಂಡಿದ್ದರು! ಹದಿನಾಲ್ಕನೆಯ ಶತಮಾನದಿಂದ 1836ರ ತನಕ ಅಲ್ಲಿ ಮಾಂಸ ಮಾರುತ್ತಿದ್ದರು. ಆ ಗೋಡೆಗಳನ್ನು ಬಿಡಿಸಿ ಕಂಬಗಳನ್ನು ಹೊರಗೆ ತಂದದ್ದು 1870ರ ಸುಮಾರಿಗೆ. ಅಷ್ಟು ಕಾಲ ಕಂಬಗಳನ್ನು ಆತು ಹಿಡಿದಿದ್ದು ಕಟುಕರ ಗೋಡೆ. ಹುಟ್ಟಾ ಶಾಕಾಹಾರಿಯಾದ ನಾನು ಆ ಕಟುಕರಿಗೆ ಮನಸ್ಸಿನಲ್ಲೇ ಕೈಮುಗಿದೆ. ನಮ್ಮ ಮಹನೀಯರು ಆ ಕಾಲದಲ್ಲಿದ್ದಿದ್ದರೆ ಮೊದಲ ವಾರವೇ ನೋಟಿಸು ಕೊಡುತ್ತಿದ್ದರು; ಕಟುಕ ಗಂಟುಮೂಟೆ ಕಟ್ಟುತ್ತಿದ್ದ; ಆಮೇಲೆ ಯಾವನೋ ಕಂಬ ಬಿಚ್ಚಿಕೊಂಡು ಹೋಗಿ ಹಂದಿಗೂಡು ಕಟ್ಟುತ್ತಿದ್ದ.

ಎಲುಬಿನ ಪ್ರಾರ್ಥನಾಮಂದಿರದ ಬಗ್ಗೆ ಬರೆಯುವುದಿಲ್ಲ, ಎವೊರಾಕ್ಕೆ ಹೋದವರೆಲ್ಲ ಬರೆಯುವುದು ಅದನ್ನೇ. ಆದರೂ ಒಂದು ಮಾತು. ಊರ ಸ್ಮಶಾನಗಳು ತುಂಬಿ ಜಾಗ ಸಾಲದೆ ಹೋದಾಗ ಫ್ರಾನ್ಸಿಸ್ಕನ್ ಸನ್ಯಾಸಿಗಳು ಸುಮಾರು ಐದು ಸಾವಿರ ಜನರ ಎಲುಬು ತಂದು ಗೋಡೆಗೆ, ಕಂಬಕ್ಕೆ ಮೆತ್ತಿದರು. ಬಾಗಿಲ ಮೇಲೆ ಬರೆದಿದ್ದಾರೆ: ಇಲ್ಲಿರುವ ಎಲುಬುಗಳಾದ ನಾವು ನಿಮ್ಮವಕ್ಕಾಗಿ ಕಾಯುತ್ತಿದ್ದೇವೆ. ಎಲ್ಲರೂ ಹೆದರಿಕೊಂಡು ಫೋಟೋ ತೆಗೆಯುತ್ತಿದ್ದರೆ ನನಗೆ ತೋಚಿದ್ದು ಬೇರೆ. ಈ ಊರಿನಲ್ಲಿ ಸತ್ತವರನ್ನು ಒಕ್ಕಲೆಬ್ಬಿಸಿದರೂ ಊರೊಳಗೇ ಪುನರ್ವಸತಿ ಕೊಟ್ಟಿದ್ದಾರೆ.

ನಮ್ಮ ಹಂಪಿಯಲ್ಲಿ ಬದುಕಿದ್ದವರಿಗೂ ಆ ಭಾಗ್ಯ ಸಿಗಲಿಲ್ಲ.

ಹಂಪಿಯೂ ಎವೊರಾವೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಒಂದೇ ವರ್ಷ, 1986ರಲ್ಲಿ. ಗೋವಾದ ಇಗರ್ಜಿಗಳೂ ಅದೇ ವರ್ಷ. ಒಂದೇ ಬ್ಯಾಚಿನ ವಿದ್ಯಾರ್ಥಿಗಳು ಎನ್ನಿ. ಎವೊರಾದ ಪಟ್ಟಿಯಲ್ಲಿರುವುದು ಊರಿಗೆ ಊರೇ. ಅಲ್ಲಿನ ವಿಶ್ವವಿದ್ಯಾಲಯ 1559ರಲ್ಲಿ ಜೆಸ್ಯೂಟ್ ಪಾದ್ರಿಗಳು ತೆರೆದದ್ದು, 1759ರಲ್ಲಿ ಮುಚ್ಚಿಸಿಕೊಂಡದ್ದು, 1970ರ ದಶಕದಲ್ಲಿ ಮತ್ತೆ ಶುರುವಾದದ್ದು. ತರಗತಿಗಳ ಗೋಡೆಗೆ ನೀಲಿ ಹೆಂಚಿನ ಚಿತ್ರಗಳು. ಒಂದು ಕೋಣೆಗೆ ಇಣುಕಿದೆ: ಹುಡುಗಿಯೊಬ್ಬಳು ಆ ಹೆಂಚಿಗೇ ಒರಗಿ ಪಾದ ಚಾಚಿಕೊಂಡು ಬ್ರೆಡ್ ತಿನ್ನುತ್ತ ಓದುತ್ತಿದ್ದಳು. ಯಾರೂ ಸೀಟಿ ಊದಲಿಲ್ಲ. ನಮ್ಮ ವಿರೂಪಾಕ್ಷ ಬಜಾರಿನ ಮಂಟಪಕ್ಕೆ ಹೋಗಿ ಹೀಗೆ ಒರಗಿ ನೋಡಿ, ಗೊತ್ತಾಗುತ್ತದೆ.

“ಅದು ಬೇರೆ, ಇದು ಬೇರೆ” ಎನ್ನುವವರು ನನ್ನ ಗೆಳೆಯರ ಪಟ್ಟಿಯಲ್ಲೇ ಹತ್ತು ಜನ ಇದ್ದೀರಿ. ಹಂಪಿ 1565ರಲ್ಲೇ ಹಾಳಾಯಿತು, ಬಜಾರಿನ ಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದವರು ಆಮೇಲೆ ಬಂದು ಸೇರಿಕೊಂಡವರು, ಇಟ್ಟಿಗೆ ಗೋಡೆ ಕಟ್ಟಿದರು, ಸಿಮೆಂಟು ಬಳಿದರು, ಕಂಬಕ್ಕೆ ಮೊಳೆ ಹೊಡೆದರು. ಹೌದು, ಹೊಡೆದರು. ಮೊಳೆ ನಾನೂ ನೋಡಿದ್ದೇನೆ. ಮೊಳೆ ಹೊಡೆದವನಿಗೆ ದಂಡ ಹಾಕಿ, ಗೋಡೆ ಕೀಳಿಸಿ, ಸುಣ್ಣವನ್ನೇ ಬಳಿಯಬೇಕೆಂದು ಕಟ್ಟಳೆ ಮಾಡಿ. ಊರೇ ಬೇಡ ಎನ್ನುವುದು ಹಲ್ಲುನೋವಿಗೆ ತಲೆ ತೆಗೆದಂತೆ. ಇನ್ನು ಆಮೇಲೆ ಬಂದವರು ಎಂಬ ಮಾತು. ಕಮಾನಿನೊಳಗೆ ಮನೆ ಕಟ್ಟಿದವರೂ ಕಾಲುವೆ ಬಂದ ಮೇಲೇ ಬಂದವರು. ದೇವಾಲಯಕ್ಕೆ ಕಟುಕರು ಸಾವಿರ ವರ್ಷ ತಡವಾಗಿ ಬಂದರು. ಯಾರು ತಾನೇ ಆಮೇಲೆ ಬಂದವರಲ್ಲ?

ಅಷ್ಟಕ್ಕೂ ಸಾಕ್ಷಿ ಬೇಕೆಂದರೆ ಪೋರ್ಚುಗೀಸರನ್ನೇ ಕೇಳೋಣ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಡೊಮಿಂಗೊ ಪಾಯೆಸ್ ಹಂಪಿಯ ವಿರೂಪಾಕ್ಷನ ಗುಡಿಯ ಎದುರಿನ ಬೀದಿಯನ್ನು ಕಂಡು ಬರೆದಿದ್ದಾನೆ: ಚೆಂದದ ಮನೆಗಳು, ಮೊಗಸಾಲೆಗಳು, ಅಲ್ಲಿ ತಂಗುವ ಯಾತ್ರಿಕರು. ಅವನ ಕಣ್ಣಿಗೆ ಬಿದ್ದದ್ದು ಜನರಿದ್ದ ಬೀದಿ. ನಮ್ಮ ಹೊಸಪೇಟೆ ಆಗ ನಾಗಲಾಪುರ. ಅಲ್ಲಿ ರಾಯ ಕೆರೆ ಕಟ್ಟಿಸುವಾಗ ಪೋರ್ಚುಗೀಸ್ ಕಲ್ಲುಕೆಲಸದವನೊಬ್ಬ ನೆರವಾದ ಎಂದು ಇನ್ನೊಬ್ಬ ಪೋರ್ಚುಗೀಸ್ ಪ್ರವಾಸಿ ನೂನಿಜ್ ಬರೆದಿಟ್ಟಿದ್ದಾನೆ. ಅಲ್ಲಿಗೆ ಎವೊರಾಕ್ಕೂ ನನಗೂ ನೀರಿನ ನಂಟು. ಈ ಸಂಗತಿ ಹೇಳಿದರೆ ಮಗಳು, “ಅಮ್ಮಾ, ಪ್ರಪಂಚದಲ್ಲಿ ಹೊಸಪೇಟೆಗೆ ಸಂಬಂಧವಿಲ್ಲದ ಊರು ಯಾವುದಾದರೂ ಇದೆಯಾ?” ಎಂದು ಕೇಳಿದಳು. ಇಲ್ಲ.

ಎವೊರಾಕ್ಕೆ ನಾನು ಸರ್ಟಿಫಿಕೇಟ್ ಕೊಡುತ್ತಿಲ್ಲ. ಖಾಲಿ ಮಾಡಿಸುವ ಚಟ ಆ ಊರಿಗೂ ಇತ್ತು. 1496ರ ಡಿಸೆಂಬರಿನಲ್ಲಿ ದೊರೆ ಮನುಯೆಲ್ ಯಹೂದಿಗಳಿಗೆ ದೇಶ ಬಿಡಲು ಆಜ್ಞೆ ಮಾಡಿದ. ಅವರ ಕೇರಿಯ ಓಣಿಗಳು ಹಾಗೇ ಇವೆ, ಅವರಿಲ್ಲ. ಮುಂದೆ ಇನ್‌ಕ್ವಿಸಿಷನ್ನಿನ ಪೀಠವೂ ಅಲ್ಲಿ ಕೂತಿತು, ಅಂದರೆ ಧರ್ಮ ತಪ್ಪಿದವರನ್ನು ವಿಚಾರಿಸಿ ಶಿಕ್ಷಿಸುವ ಇಗರ್ಜಿಯ ನ್ಯಾಯಾಲಯ. ಅದೇ ಯಂತ್ರ 1560ರಲ್ಲಿ ಗೋವಾಕ್ಕೆ ಬಂದಾಗ ಎಷ್ಟು ಕುಟುಂಬಗಳು ತೆಂಕಣಕ್ಕೆ ಓಡಿಬಂದವು ಎಂದು ಮಂಗಳೂರಿನ ಕೊಂಕಣಿ ಗೆಳತಿಯರು ನನಗಿಂತ ಚೆನ್ನಾಗಿ ಬಲ್ಲರು.

ಈಗ ಖಾಲಿ ಮಾಡಿಸಲು ದೊರೆಯ ಆಜ್ಞೆಯೂ ಬೇಡ, ಜೆಸಿಬಿಯೂ ಬೇಡ. ಗೋಡೆಯೊಳಗಿನ ಜನಸಂಖ್ಯೆ ದಶಕಗಳಿಂದ ಇಳಿಯುತ್ತಲೇ ಬಂದಿದೆ. ಮುದುಕರು ಉಳಿದಿದ್ದಾರೆ, ಮಕ್ಕಳು ಗೋಡೆಯಾಚೆ ಹೊಸ ಬಡಾವಣೆಗೆ ಹೋಗಿದ್ದಾರೆ, ಖಾಲಿಯಾದ ಮನೆಗಳು ದಿನಬಾಡಿಗೆಗೆ ಸಿಗುತ್ತವೆ. 2027ಕ್ಕೆ ಎವೊರಾ ಯುರೋಪಿನ ಸಾಂಸ್ಕೃತಿಕ ರಾಜಧಾನಿಯಂತೆ. ಬಾಡಿಗೆ ಇನ್ನೂ ಏರಲಿದೆ. ಇಷ್ಟೆಲ್ಲ ಉಪದೇಶ ಮಾಡುವ ನಾನು ಆ ರಾತ್ರಿ ಮಲಗಿದ್ದೂ ಅಂಥದ್ದೇ ಒಂದು ಮನೆಯಲ್ಲಿ. ಗೋಡೆಗೆ ಹೊಸ ಬಣ್ಣ, ಮೂಲೆಯಲ್ಲಿ ಯಾರದೋ ಅಜ್ಜಿಯ ಹೊಲಿಗೆ ಯಂತ್ರ, ಅದರ ಮೇಲೆ ವೈಫೈ ಪಾಸ್‌ವರ್ಡು.

ಊಟ ಹೇಗಿತ್ತು ಎಂದು ಕೇಳುವವರಿಗೆ: ಅಸೊರ್ದಾ ತಿಂದೆ. ಬೆಳ್ಳುಳ್ಳಿ, ಉಪ್ಪು, ಕೊತ್ತಂಬರಿ ಸೊಪ್ಪು ಕುಟ್ಟಿ, ಆಲಿವ್ ಎಣ್ಣೆ ಬಿಟ್ಟು, ಬಿಸಿನೀರು ಹೊಯ್ದು, ಹಳೆಯ ಬ್ರೆಡ್ ಮುಳುಗಿಸುತ್ತಾರೆ. ಮೇಲೊಂದು ಮೊಟ್ಟೆ ಇರುತ್ತದೆ, ನನಗೆ ಬೇಡವೆಂದೆ. ಮೀನಿನ ನೀರು ಹಾಕಬೇಡಿ ಎಂದು ಮಗಳ ಕೈಲಿ ಮೂರು ಸಲ ಹೇಳಿಸಿದೆ. ಹೊಲದ ಕೂಲಿಯವರ ಊಟವಂತೆ. ಜೋಳದ ರೊಟ್ಟಿಯ ಮುಟಗಿ ತಿಂದು ಬೆಳೆದವರಿಗೆ ಹೊಸದೇನಿಲ್ಲ.

ಈಗ ಹೇಳಲೇಬೇಕಾದದ್ದು. ಇಷ್ಟು ಹೊತ್ತು ತಳ್ಳುತ್ತ ಬಂದೆ.

2011ರಲ್ಲಿ ಹಂಪಿ ಬಜಾರಿನ ಮನೆ, ಅಂಗಡಿಗಳನ್ನು ಕೆಡವಿದಾಗ ನಾನು ಅಲ್ಲಿಗೆ ಹತ್ತಿರದ ಬ್ಯಾಂಕ್ ಶಾಖೆಯೊಂದರಲ್ಲಿದ್ದೆ. ಬಜಾರಿನವರು ಅನೇಕರು ನಮ್ಮ ಖಾತೆದಾರರು. ಕೆಡವಿ ಹದಿನೈದು ದಿನವಾಗಿತ್ತೇನೋ, ಗುಡಿಯ ಎದುರು ಹಣ್ಣುಕಾಯಿ ಮಾರುತ್ತಿದ್ದ ಹೆಂಗಸೊಬ್ಬಳು ಪಾಸ್‌ಬುಕ್ ಹಿಡಿದು ಕೌಂಟರಿಗೆ ಬಂದಳು. ವಿಳಾಸ ಬದಲಾಯಿಸಬೇಕಂತೆ. “ಹೊಸ ವಿಳಾಸಕ್ಕೆ ಏನಾದರೂ ದಾಖಲೆ ತನ್ನಿ” ಎಂದೆ. “ದಾಖಲೆ ಎಲ್ಲಿಂದ ತರಲಿ ಮೇಡಂ, ತಗಡಿನ ಕೆಳಗಿದ್ದೇವೆ. ಹಳೆಯದಕ್ಕೆ ಕಾಗದ ಬಂದರೆ ಅಂಚೆಯವರು ಎಲ್ಲಿ ಹಾಕುತ್ತಾರೆ? ಅಲ್ಲಿ ಬಾಗಿಲೇ ಇಲ್ಲವಲ್ಲ” ಎಂದಳು. ದಾಖಲೆಯಿಲ್ಲದೆ ಆಗುವುದಿಲ್ಲ ಎಂದು ಮುಂದಿನವರನ್ನು ಕರೆದೆ. ನಿಯಮ ಹಾಗೆಯೇ ಇತ್ತು, ನಾನು ತಪ್ಪು ಹೇಳಿರಲಿಲ್ಲ. ಆಕೆ ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಸೆರಗಿನೊಳಗೆ ಇಟ್ಟುಕೊಂಡು ಹೋದಳು. ಆ ಭಾನುವಾರ ಮನೆಯವರೊಂದಿಗೆ ಹಂಪಿಗೆ ಹೋದೆ. “ರಥಬೀದಿ ಈಗ ಎಷ್ಟು ಅಗಲ ಕಾಣಿಸುತ್ತದೆ ನೋಡಿ” ಎಂದು ಹೇಳಿದವಳು ನಾನೇ. ಮಹನೀಯರ ಬಾಯಲ್ಲಿ ಬಂದ ಪದವನ್ನೇ ಅವತ್ತು ನಾನೂ ಆಡಿದ್ದೆನೋ ಏನೋ, ನೆನಪಿಲ್ಲ. ಆಡಿರುತ್ತೇನೆ.

ಕೊಳವೆ ಬೀದಿಯ ಆ ಬಾಗಿಲಿನಲ್ಲಿ ಕಾಗದ ಹಾಕುವ ಸೀಳು ಕಂಡದ್ದೇ ತಪ್ಪಾಯಿತು.

ಇಷ್ಟೆಲ್ಲ ತಲೆಯಲ್ಲಿ ಓಡುತ್ತಿರುವಾಗ ಮಹನೀಯರು ಮೊಬೈಲ್ ಚಾಚಿ, ನನ್ನನ್ನು ಯಾರೆಂದುಕೊಂಡರೋ, ಇಂಗ್ಲಿಷಿನಲ್ಲಿ ಕೇಳಿದರು: ಒಂದು ಗ್ರೂಪ್ ಫೋಟೋ ತೆಗೆಯುತ್ತೀರಾ? ಬಟ್ಟೆ ಬಾರದ ಹಾಗೆ, ಕಮಾನು ಮಾತ್ರ. ಆಗಲಿ ಎಂದೆ. ಎಲ್ಲರೂ ಸಾಲಾಗಿ ನಿಂತರು, ಹೊಟ್ಟೆ ಒಳಗೆಳೆದುಕೊಂಡರು. ನಾನು ಎರಡು ಹೆಜ್ಜೆ ಎಡಕ್ಕೆ ಸರಿದು, ಒಂದು ಹೆಜ್ಜೆ ಹಿಂದಕ್ಕೆ ಹೋಗಿ, ನಾಲ್ಕು ಫೋಟೋ ತೆಗೆದೆ. ನಾಲ್ಕರಲ್ಲೂ ತೇಪೆಯ ಬನಿಯನ್ನು ಮಹನೀಯರ ತಲೆಯ ಮೇಲೆ ಸರಿಯಾಗಿ ಛತ್ರಿಯಂತೆ ಹಿಡಿದು ನಿಂತಿದೆ. ಮೊಬೈಲ್ ವಾಪಸು ಕೊಡುವಾಗ ಅಚ್ಚ ಕನ್ನಡದಲ್ಲಿ, “ತುಂಬಾ ಚೆನ್ನಾಗಿ ಬಂದಿದೆ ಸರ್, ಮನೆಗೆ ಹೋಗಿ ನೋಡಿ” ಎಂದು ಹೇಳಿ ಮಗಳ ಕೈಹಿಡಿದು ಬೇಗ ಬೇಗ ತಿರುವು ದಾಟಿದೆ.